ಬೆಳಗಾಗಲಿ ಅಂತ ಕಾಯಬೇಡಿ

ನಮಸ್ಕಾರ. ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡು ಕೂತವರಲ್ಲಿ ಏಳು, ಎಂಟು, ಒಂಬತ್ತು ತಿಂಗಳ ಬಸುರಿಯರು ಒಂದಷ್ಟು ಜನ ಇದ್ದೇ ಇರುತ್ತೀರಿ. ಬೆನ್ನಿಗೆ ದಿಂಬು ಕೊಟ್ಟುಕೊಂಡು, ಬಾತ ಕಾಲನ್ನು ಮುಂದೆ ಚಾಚಿ, ಕೂತರೆ ಎದೆಯುರಿ, ಮಲಗಿದರೆ ಸೊಂಟನೋವು ಅಂತ ಒದ್ದಾಡುತ್ತಾ ಇರುತ್ತೀರಿ. ನಾನು ಮಾತಾಡುವುದು ನಿಮ್ಮ ಜೊತೆಗೆ. ಪಕ್ಕದಲ್ಲಿ ಗಂಡ, ಅಮ್ಮ, ಅತ್ತೆ ಯಾರೇ ಇದ್ದರೂ ಕರೆದು ಕೂರಿಸಿಕೊಳ್ಳಿ, ಅವರೂ ಕೇಳಬೇಕಾದ ಮಾತಿದು.

ಕೊನೆಯ ಮೂರು ತಿಂಗಳಿನ ಆರೈಕೆ ಬಗ್ಗೆ ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ಮಾತ್ರೆ, ನಿದ್ದೆ, ತಪಾಸಣೆ, ನೋವು, ಎಲ್ಲ ಹೇಳಬೇಕು. ಹೇಳುತ್ತೇನೆ. ಆದರೆ ಮೊದಲು ಒಂದೇ ಒಂದು ಮಾತು. ಹೊಟ್ಟೆಯೊಳಗೆ ಮಗುವಿನ ಆಟ ಕಡಿಮೆ ಆಯ್ತು ಅನಿಸಿದರೆ ಆಗಲೇ ಆಸ್ಪತ್ರೆಗೆ ಬನ್ನಿ. ಬೆಳಗಾಗಲಿ ಅಂತ ಕಾಯಬೇಡಿ. ನಾನು ಇವತ್ತು ಹೇಳುವ ಉಳಿದದ್ದೆಲ್ಲ ಮರೆತು ಹೋದರೂ ಇದೊಂದು ನೆನಪಿರಲಿ.

ಆಟ ಅಂದರೆ ಏನು? ಬರೀ ಒದೆಯುವುದಲ್ಲ. ಮಿಸುಕಾಡುವುದು, ಹೊರಳುವುದು, ಮೊಣಕೈಯಿಂದ ತಿವಿಯುವುದು, ಹೊಟ್ಟೆಯ ಒಂದು ಪಕ್ಕ ಇದ್ದಕ್ಕಿದ್ದ ಹಾಗೆ ಉಬ್ಬಿ ನಿಧಾನಕ್ಕೆ ಇಳಿಯುವುದು, ಇವೆಲ್ಲ ಆಟವೇ. ಮೊದಲ ಬಸಿರಾದರೆ ಸುಮಾರು 20 ವಾರಕ್ಕೆ ಗೊತ್ತಾಗುತ್ತದೆ, ಎರಡನೆಯದಾದರೆ 16 ವಾರಕ್ಕೇ ಗೊತ್ತಾಗುವುದುಂಟು. ಶುರುವಿನಲ್ಲಿ ಒಂದು ದಿನ ಇದೆ, ಒಂದು ದಿನ ಇಲ್ಲ ಅನ್ನುವ ಹಾಗಿರುತ್ತದೆ. 28 ವಾರದ ಹೊತ್ತಿಗೆ ಮಗುವಿಗೆ ಅದರದ್ದೇ ಒಂದು ರೂಢಿ ಬಂದಿರುತ್ತದೆ. ಕೆಲವು ಮಕ್ಕಳು ನೀವು ಮಲಗಲು ಹೋದ ತಕ್ಷಣ ಎದ್ದು ಕುಣಿಯುತ್ತವೆ. ಇನ್ನು ಕೆಲವು ಬೆಳಗಿನ ಜಾವಕ್ಕೆ. ನಡುನಡುವೆ ನಿದ್ದೆಯೂ ಮಾಡುತ್ತವೆ, 20ರಿಂದ 40 ನಿಮಿಷ ಅನ್ನಿ. ಎಚ್ಚರವಾದ ಮೇಲೆ ಮತ್ತೆ ಆಟ.

ಈ ರೂಢಿ ನಿಮಗೆ ಗೊತ್ತಿರಬೇಕು. ಡಾಕ್ಟರಿಗೆ ಗೊತ್ತಿರುವುದಿಲ್ಲ, ಗಂಡನಿಗೆ ಗೊತ್ತಿರುವುದಿಲ್ಲ, ಪಕ್ಕದ ಮನೆಯವರಿಗಂತೂ ಗೊತ್ತಿರುವುದೇ ಇಲ್ಲ. ನಾನು ತಿಂಗಳಿಗೋ ಹದಿನೈದು ದಿನಕ್ಕೋ ಒಮ್ಮೆ ಹೊಟ್ಟೆ ಮುಟ್ಟಿ ನೋಡುತ್ತೇನೆ. ದಿನದ 24 ಗಂಟೆಯೂ ಮಗುವಿನ ಜೊತೆ ಇರುವವರು ನೀವು.

ಈಗ ಒಂದು ತಪ್ಪು ತಿಳಿವಳಿಕೆ. ಎಷ್ಟು ಸಲ ಹೇಳಿದರೂ ಇದು ಹೋಗುತ್ತಿಲ್ಲ, ಹಾಗಾಗಿ ಇವತ್ತು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. "ದಿನ ತುಂಬುತ್ತಾ ಬಂದ ಹಾಗೆ ಮಗು ಸುಮ್ಮನಾಗುತ್ತೆ, ಒಳಗೆ ಜಾಗ ಇರಲ್ವಲ್ಲ" ಅನ್ನುತ್ತಾರೆ. ಸುಳ್ಳು. ಆಟ ಸುಮಾರು 32 ವಾರದವರೆಗೆ ಏರುತ್ತಾ ಹೋಗುತ್ತದೆ, ಆಮೇಲೆ ಹೆರಿಗೆ ಆಗುವವರೆಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಆಟದ ಬಗೆ ಬದಲಾಗಬಹುದು, ಮೊದಲಿನ ಹಾಗೆ ಫಟ್ ಅಂತ ಒದೆಯುವ ಬದಲು ಹೊರಳಾಟ ಜಾಸ್ತಿ ಆಗಬಹುದು. ಆದರೆ ಕಡಿಮೆ ಆಗಬಾರದು. ಹೆರಿಗೆ ನೋವು ಶುರುವಾದ ಮೇಲೂ ಮಗು ಆಡುತ್ತಿರಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಗೊತ್ತಾ? ಮಗುವಿಗೆ ಉಸಿರು, ಆಹಾರ ಎಲ್ಲ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಮೂಲಕ. ಮಾಸು ಸರಿಯಾಗಿ ಕೆಲಸ ಮಾಡದಿದ್ದರೆ ಒಳಗೆ ಆಮ್ಲಜನಕ ಸಾಲದೆ ಬರುತ್ತದೆ. ಆಗ ಮಗು ಇದ್ದ ಶಕ್ತಿಯನ್ನು ಉಳಿಸಿಕೊಳ್ಳಲು ಕೈಕಾಲು ಆಡಿಸುವುದನ್ನು ಕಡಿಮೆ ಮಾಡುತ್ತದೆ. ಆಟ ಕಡಿಮೆಯಾದಾಗಲೇ ನೀವು ಬಂದರೆ ನಮಗೆ ಮಾಡಲು ಕೆಲಸ ಇರುತ್ತದೆ. ಪೂರ್ತಿ ನಿಂತ ಮೇಲೆ ಬಂದರೆ ಕೆಲವೊಮ್ಮೆ ಏನೂ ಇರುವುದಿಲ್ಲ.

ಇಲ್ಲಿ ನಿಮಗೆ ಒಂದು ಘಟನೆ ಹೇಳಲೇಬೇಕು. ಕೆಲವು ವರ್ಷದ ಹಿಂದಿನದು.

ತಪಾಸಣೆಯ ದಿನ ನನ್ನ ಕೋಣೆಯ ಹೊರಗೆ ಒಂದು ಉದ್ದ ಬೆಂಚು ಇರುತ್ತದೆ. ಅದರ ಮೇಲೆ ಏಳೆಂಟು ಜನ ಬಸುರಿಯರು ಸಾಲಾಗಿ, ಮಡಿಲಲ್ಲಿ ಫೈಲು ಇಟ್ಟುಕೊಂಡು ಕೂತಿರುತ್ತಾರೆ. ಹೆಸರು ಕರೆಯುವವರೆಗೆ ಮಾತೋ ಮಾತು. ನನಗೆ ಆ ಬೆಂಚಿನ ಮಾತು ಬಹಳ ಇಷ್ಟ. ಎಡಗಾಲಿನ ಮೀನಖಂಡ ರಾತ್ರಿ ಹಿಡಿದುಕೊಂಡರೆ ಪಾದವನ್ನು ಮೇಲಕ್ಕೆ ಬಾಗಿಸು ಅಂತ ಒಬ್ಬಳು ಹೇಳುತ್ತಾಳೆ, ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತೆ, ಹೆದರಬೇಡ ಅಂತ ಇನ್ನೊಬ್ಬಳು. ಎಷ್ಟೋ ಸಲ ನಾನು ಹತ್ತು ನಿಮಿಷ ವಿವರಿಸಿದ್ದು ತಲೆಗೆ ಹೋಗದೇ ಇದ್ದದ್ದು, ಪಕ್ಕದವಳು ಒಂದು ವಾಕ್ಯದಲ್ಲಿ ಹೇಳಿದಾಗ ಹೋಗುತ್ತದೆ. ಅವಳು ಅನುಭವಿಸಿ ಹೇಳುತ್ತಾಳೆ ಅಲ್ವಾ, ಅದಕ್ಕೆ.

ಅವತ್ತು ಬಾಗಿಲು ಅರ್ಧ ತೆರೆದಿತ್ತು. ಮೊದಲ ಬಸಿರಿನ ಹುಡುಗಿಯೊಬ್ಬಳು, 36 ವಾರ, ಮೆಲ್ಲಗೆ ಕೇಳಿದಳು. "ಅಕ್ಕಾ, ನಿಮ್ದು ಇನ್ನೂ ಒದೆಯತ್ತಾ? ನಂದು ಯಾಕೋ ಒಂದೊಂದ್ ದಿನ ಮಂಕಾಗತ್ತೆ." ಮೂರನೆಯ ಹೆರಿಗೆಗೆ ಕಾದಿದ್ದ ಒಬ್ಬರು ನಕ್ಕರು. "ಅಯ್ಯೋ ಒಂಬತ್ತಕ್ಕೆ ಬಿದ್ಮೇಲೆ ಹಾಗೇ ಕಣೇ. ಜಾಗ ಎಲ್ಲಿರತ್ತೆ ಅದಕ್ಕೆ. ಸುಮ್ನೆ ಚಿಂತೆ ಮಾಡ್ಬೇಡ. ಸಿಹಿ ಏನಾದ್ರೂ ತಿನ್ನು, ಆಡತ್ತೆ." ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಎದ್ದು ಹೊರಗೆ ಬಂದು ಹೇಳಬೇಕು ಅಂತಿದ್ದೆ, ಅಷ್ಟರಲ್ಲಿ ಬೆಂಚಿನ ಕೊನೆಯಲ್ಲಿ ಕೂತಿದ್ದ ಹೆಂಗಸು ಮಾತಾಡಿದಳು. ಅವಳು ಸಾಮಾನ್ಯವಾಗಿ ಮಾತೇ ಆಡುವವಳಲ್ಲ. "ನಂದೂ ಹಾಗೇ ಸುಮ್ಮನಾಗಿತ್ತು, ಮೊದಲನೇದು," ಅಂದಳು. "ರಾತ್ರಿ ಗೊತ್ತಾಯ್ತು. ಎಲ್ರೂ ಮಲಗಿದ್ರು, ಯಾರನ್ನ ಎಬ್ಬಿಸೋದು ಅಂತ ಬೆಳಗಾಗ್ಲಿ ಅಂತ ಕಾದೆ." ಅಷ್ಟೇ. ಮುಂದೆ ಹೇಳಲಿಲ್ಲ. ಬೆಂಚು ಪೂರ್ತಿ ಮೌನ. ಸ್ವಲ್ಪ ಹೊತ್ತು ಬಿಟ್ಟು ಆ ಹುಡುಗಿಯ ಕಡೆ ತಿರುಗಿ, "ನೀನು ಕಾಯ್ಬೇಡ," ಅಂದಳು.

ಆ ದಿನ ಹುಡುಗಿಯನ್ನು ನೋಡಿದೆ. ಬಿ.ಪಿ. ಸರಿ ಇತ್ತು, ಮಗುವಿನ ಎದೆಬಡಿತ ಸರಿ ಇತ್ತು. ಅದರ ಹಿಂದಿನ ವಾರವೂ ಒಮ್ಮೆ ಆಟ ಕಡಿಮೆ ಅಂತ ಬಂದಿದ್ದಳು, ಆಗಲೂ ಎಲ್ಲ ಸರಿ ಇತ್ತು.

ಮೂರನೇ ರಾತ್ರಿ, ಪೌನೇ ಎರಡಕ್ಕೆ, ಮತ್ತೆ ಬಂದಳು. ಒಂದು ಕಾಲಿಗೆ ಅವಳದೇ ಚಪ್ಪಲಿ, ಇನ್ನೊಂದು ಕಾಲಿಗೆ ಗಂಡನದು, ಕತ್ತಲಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡು ಹೊರಟಿದ್ದಳು. ಬಾಗಿಲಲ್ಲೇ ನಿಂತು ಕ್ಷಮೆ ಕೇಳುತ್ತಿದ್ದಳು. "ತಪ್ಪು ತಿಳ್ಕೋಬೇಡಿ ಡಾಕ್ಟ್ರೇ, ಮತ್ತೆ ಮತ್ತೆ ಬರ್ತಿದೀನಿ. ಸಂಜೆಯಿಂದ ಎರಡೇ ಸಲ ಅಲುಗಾಡಿದ್ದು. ಮನೇಲಿ ಬೆಳಿಗ್ಗೆ ಹೋಗೋಣ ಅಂದ್ರು. ಆ ಅಕ್ಕ ಹೇಳಿದ್ದು ನೆನಪಾಗಿ ಬಂದ್ಬಿಟ್ಟೆ."

ಹೊಟ್ಟೆಗೆ ಬೆಲ್ಟು ಕಟ್ಟಿ ಮಗುವಿನ ಎದೆಬಡಿತ ಬರೆಯುವ ಯಂತ್ರ ಹಾಕಿದೆವು. ಚೆನ್ನಾಗಿರುವ ಮಗುವಿನ ಗೆರೆ ನೋಡಬೇಕು ನೀವು, ಗುಡ್ಡದ ಸಾಲಿನ ಹಾಗೆ ಏರುತ್ತಾ ಇಳಿಯುತ್ತಾ ಹೋಗುತ್ತದೆ. ನಿಮಿಷಕ್ಕೆ 110ರಿಂದ 160ರ ನಡುವೆ, ಮಗು ಆಡಿದಾಗಲೆಲ್ಲ ಒಂದು ಜಿಗಿತ. ಅವಳ ಮಗುವಿನ ಬಡಿತ 140 ಇತ್ತು, ಕಿವಿಗೆ ಕೇಳಲು ಏನೂ ತೊಂದರೆ ಇಲ್ಲ. ಆದರೆ ಕಾಗದದ ಮೇಲಿನ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ ಇತ್ತು. ಮಗ್ಗುಲು ಬದಲಿಸಿದೆವು, ಕಾದೆವು. ಒಂದು ಜಿಗಿತವೂ ಇಲ್ಲ. ನಡುವೆ ಗೆರೆ ಒಮ್ಮೆ ಕೆಳಗೆ ಜಾರಿತು. ನಾನು ಆಪರೇಷನ್ ಥಿಯೇಟರಿಗೆ ಫೋನ್ ಮಾಡಿದೆ. ಮೂರು ಗಂಟೆಗೆ ಮುಂಚೆ ಮಗು ಹೊರಗೆ ಬಂತು, ಹೆಣ್ಣು, 2 ಕೆಜಿ 50 ಗ್ರಾಂ. ಮೊದಲ ನಿಮಿಷ ಅಳಲಿಲ್ಲ. ಉಸಿರು ಕೊಟ್ಟು, ಮೈ ಒರೆಸಿ, ಬೆನ್ನು ಉಜ್ಜಿದ ಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ. ಆಮೇಲೆ ದೊಡ್ಡ ಅಳು. ಮಾಸನ್ನು ತಟ್ಟೆಯಲ್ಲಿ ಹಾಕಿ ನೋಡಿದೆ, ಇರಬೇಕಾದುದಕ್ಕಿಂತ ಚಿಕ್ಕದಾಗಿತ್ತು, ಅಲ್ಲಲ್ಲಿ ಬಿಳಿಚಿಕೊಂಡಿತ್ತು.

ಮಾರನೆಯ ದಿನ ಆ ಹುಡುಗಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಆ ಅಕ್ಕ ಮತ್ತೆ ಯಾವಾಗ ಬರ್ತಾರೆ ಚೆಕಪ್ಪಿಗೆ?" ಹದಿನೈದು ದಿನಕ್ಕೆ ಬಂದಳು. ಇಬ್ಬರೂ ಅದೇ ಬೆಂಚಿನ ಕೊನೆಯಲ್ಲಿ ಕೂತಿದ್ದರು. ಮಗು ಆ ಅಕ್ಕನ ಮಡಿಲಲ್ಲಿತ್ತು, ಇನ್ನೂ ಹೊರಗೆ ಬರದ ಅವಳ ಮಗುವಿಗೆ ಒರಗಿಕೊಂಡು ನಿದ್ದೆ ಮಾಡುತ್ತಿತ್ತು.

ಇದನ್ನು ಯಾಕೆ ಇಷ್ಟು ಉದ್ದಕ್ಕೆ ಹೇಳಿದೆ ಅಂದರೆ, ಅವಳು ಎರಡು ಸಲ ಬಂದಿದ್ದಳು, ಎರಡು ಸಲವೂ ಏನೂ ಇರಲಿಲ್ಲ. ಮೂರನೆಯ ಸಲ ನಾಚಿಕೆಯಿಂದ ಮನೆಯಲ್ಲೇ ಉಳಿದುಬಿಡಬಹುದಿತ್ತು. ಆಟ ಕಡಿಮೆ ಅಂತ ಬರುವವರಲ್ಲಿ ಹೆಚ್ಚಿನವರ ಮಗು ಚೆನ್ನಾಗಿಯೇ ಇರುತ್ತದೆ. ಎದೆಬಡಿತ ನೋಡಿ, ಸಮಾಧಾನ ಹೇಳಿ ಮನೆಗೆ ಕಳಿಸುತ್ತೇವೆ. ಅಷ್ಟೇ ಆದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ. ಐದು ಸಲ ಬನ್ನಿ, ಹತ್ತು ಸಲ ಬನ್ನಿ. ರಾತ್ರಿ ಡ್ಯೂಟಿಯಲ್ಲಿ ಇರುವವರು ಇರುವುದೇ ಅದಕ್ಕೆ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ, ನೀವು "ಮಗುವಿನ ಆಟ ಕಡಿಮೆಯಾಗಿದೆ, ನೋಡಿ" ಅಂತ ಅದೇ ಮಾತು ಮತ್ತೆ ಹೇಳಿ.

ಅನುಮಾನ ಇದೆ, ಕಡಿಮೆ ಆಗಿದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ ಅಂತಾದರೆ ಹೀಗೆ ಮಾಡಿ. ಟಿ.ವಿ., ಫೋನ್ ಎಲ್ಲ ಬದಿಗಿಟ್ಟು ಎಡ ಮಗ್ಗುಲಾಗಿ ಮಲಗಿ, ಹೊಟ್ಟೆಯ ಮೇಲೆ ಕೈ ಇಟ್ಟು ಎಣಿಸಿ. 2 ಗಂಟೆಯೊಳಗೆ 10 ಸಲ ಅಲುಗಾಟ ಸಿಗಬೇಕು. ಸಿಗಲಿಲ್ಲ, ಹೊರಡಿ. ಆಟ ಪೂರ್ತಿ ನಿಂತಿದೆ ಅನಿಸಿದರೆ ಎಣಿಸುತ್ತಾ ಕೂರಲೇಬೇಡಿ, ಎದ್ದು ಹೊರಡಿ. ಎಣಿಕೆ ಸರಿ ಬಂದರೂ ನಿಮ್ಮ ಮನಸ್ಸು ಒಪ್ಪದಿದ್ದರೆ ಆಗಲೂ ಹೊರಡಿ. ಸಿಹಿ ತಿಂದು ನೋಡು, ತಣ್ಣೀರು ಕುಡಿದು ನೋಡು ಅಂತ ಹೊತ್ತು ಕಳೆಯಬೇಡಿ. ಮನೆಯಲ್ಲೇ ಎದೆಬಡಿತ ಕೇಳುವ ಸಣ್ಣ ಯಂತ್ರ ಕೊಂಡವರಿದ್ದೀರಿ, ದಯವಿಟ್ಟು ಅದನ್ನು ನಂಬಬೇಡಿ. ಆ ಹುಡುಗಿಯ ಮಗುವಿನ ಬಡಿತವೂ ಕೇಳುತ್ತಲೇ ಇತ್ತು ಅಲ್ವಾ?

ಇನ್ನು ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ತಪಾಸಣೆ ತಪ್ಪಿಸಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಬಸಿರಿನಲ್ಲಿ ಕಡಿಮೆ ಅಂದರೂ 8 ಸಲ ತಪಾಸಣೆ ಆಗಬೇಕು ಅಂದಿತು, ಮೊದಲು 4 ಸಲ ಸಾಕು ಅನ್ನುತ್ತಿತ್ತು. ಆ ಎಂಟರಲ್ಲಿ ಐದು ಬರುವುದು ಕೊನೆಯ ಮೂರು ತಿಂಗಳಲ್ಲೇ, 30, 34, 36, 38, 40ನೇ ವಾರಕ್ಕೆ. ಟೇಪು ಹಿಡಿದು ಹೊಟ್ಟೆ ಅಳೆಯುತ್ತಾರಲ್ಲ, ಅದು ಸುಮ್ನೆ ಅಲ್ಲ. ಎಷ್ಟು ವಾರವೋ ಹೆಚ್ಚುಕಮ್ಮಿ ಅಷ್ಟು ಸೆಂಟಿಮೀಟರ್ ಇರಬೇಕು, ಬೆಳವಣಿಗೆ ಹಿಂದೆ ಬಿದ್ದರೆ ಅಲ್ಲಿ ಗೊತ್ತಾಗುತ್ತದೆ.

ಬಿ.ಪಿ.ಯಲ್ಲಿ ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೂ ಹುಷಾರು. ಬಿ.ಪಿ. ಏರಿದ್ದು ನಿಮಗೆ ಗೊತ್ತೇ ಆಗದಿರಬಹುದು. ಬಿಡದೆ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದ ಹಾಗೆ ಬಾತುಕೊಳ್ಳುವುದು, ಇದರಲ್ಲಿ ಒಂದು ಕಂಡರೂ ಅವತ್ತೇ ಬನ್ನಿ. ರಕ್ತ ಕಂಡರೆ ಬನ್ನಿ. ನೀರು ಹೋದರೆ ನೋವು ಬರಲಿ ಅಂತ ಕಾಯದೆ ಬನ್ನಿ. ಅಂಗೈ, ಅಂಗಾಲು ರಾತ್ರಿ ವಿಪರೀತ ತುರಿಸಿದರೂ ಹೇಳಿ, ಅದು ಪಿತ್ತಜನಕಾಂಗದ ತೊಂದರೆ ಇರಬಹುದು.

ಮಲಗುವಾಗ ಮಗ್ಗುಲಾಗಿ ಮಲಗಿ. 28 ವಾರ ಆದ ಮೇಲೆ ಬೆನ್ನ ಮೇಲೆ ಮಲಗಿದರೆ ಹೊಟ್ಟೆಯ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ಮಗುವಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಚ್ಚರವಾದಾಗ ಬೆನ್ನ ಮೇಲೆ ಇದ್ದರೆ ಗಾಬರಿ ಬೇಡ, ಮತ್ತೆ ಮಗ್ಗುಲಾಗಿ. ಕಬ್ಬಿಣದ ಮಾತ್ರೆ ಬಿಡಬೇಡಿ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತಲೇ ಲೆಕ್ಕ. ಹುಸಿ ನೋವು ಬಂದು ಹೋಗುತ್ತದೆ, ನಿಜವಾದ ನೋವು ಹೊತ್ತು ಹೋದ ಹಾಗೆ ಹತ್ತಿರ ಹತ್ತಿರ ಬರುತ್ತದೆ, ಜೋರಾಗುತ್ತದೆ. ಇದರ ಬಗ್ಗೆ ಇನ್ನೂ ಹೇಳುವುದಿತ್ತು, ನಿಮ್ಮ ಡಾಕ್ಟರನ್ನೋ ಸಿಸ್ಟರನ್ನೋ ಕೂರಿಸಿಕೊಂಡು ಕೇಳಿ.

ಮನೆಯವರಿಗೆ ಒಂದು ಕೆಲಸ ಕೊಡುತ್ತೇನೆ, ಇವತ್ತೇ ಮಾಡಿ. ಆಸ್ಪತ್ರೆಯ ಫೋನ್ ನಂಬರನ್ನು ದೊಡ್ಡದಾಗಿ ಬರೆದು ಹಾಸಿಗೆಯ ಹತ್ತಿರ ಅಂಟಿಸಿ. ಫೈಲು ಒಂದು ಚೀಲದಲ್ಲಿ ಹಾಕಿ ಬಾಗಿಲ ಪಕ್ಕ ಇಡಿ. ರಾತ್ರಿ ಗಾಡಿ ಯಾರದ್ದು ಅಂತ ಈಗಲೇ ಮಾತಾಡಿಕೊಳ್ಳಿ. ಅವಳು ನಡುರಾತ್ರಿ ಎಬ್ಬಿಸಿ "ಯಾಕೋ ಮಗು ಆಡ್ತಿಲ್ಲ" ಅಂದರೆ, ಬೆಳಿಗ್ಗೆ ನೋಡೋಣ ಮಲಗು ಅನ್ನಬೇಡಿ. ದೀಪ ಹಾಕಿ, ಅವಳ ಎರಡೂ ಚಪ್ಪಲಿ ಹುಡುಕಿ ಕೊಡಿ, ಹೊರಡಿ. ನಮಸ್ಕಾರ.