ಠಾಣೆಯ ಸಿಸಿಟಿವಿ: ಲಾಕಪ್ ಹಿಂಸೆಯ ಸಾಕ್ಷ್ಯ ಉಳಿಸಿಕೊಳ್ಳೋದು ಹೇಗೆ?

[ತೆರೆಯಲ್ಲಿ: ತಮಿಳುನಾಡಿನ ನಕ್ಷೆ, ಸಾತಾನ್‌ಕುಳಂ]

2020ರ ಜೂನ್. ಲಾಕ್‌ಡೌನ್ ಸಮಯ ಮೀರಿ ಅಂಗಡಿ ತೆರೆದಿದ್ದರು ಅಂತ ಸಾತಾನ್‌ಕುಳಂ ಪೊಲೀಸರು ಹಿಡಿದುಕೊಂಡು ಹೋದ ಅಪ್ಪ-ಮಗ, ಜಯರಾಜ್ ಮತ್ತು ಬೆನ್ನಿಕ್ಸ್, ಕೆಲವೇ ದಿನಗಳಲ್ಲಿ ತೀರಿಕೊಂಡರು. ವಿಚಾರಣೆಗೆ ಠಾಣೆಗೆ ಹೋದ ಮ್ಯಾಜಿಸ್ಟ್ರೇಟ್ ನೋಡಿದರೆ ಕ್ಯಾಮೆರಾ ಇತ್ತು, ಹಾರ್ಡ್ ಡಿಸ್ಕ್‌ನಲ್ಲಿ ಜಾಗವೂ ಇತ್ತು. ಆ ರಾತ್ರಿಯ ದೃಶ್ಯ ಮಾತ್ರ ಇರಲಿಲ್ಲ. ದಿನಾ ತಾನಾಗೇ ಅಳಿಸಿಹೋಗೋ ಹಾಗೆ ಸೆಟ್ಟಿಂಗ್ ಇಟ್ಟಿದ್ದರು. ಒಳಗೆ ನಡೆದದ್ದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಆಕೆಯ ಧೈರ್ಯ ದೊಡ್ಡದು. ಆದರೆ ಪ್ರತಿ ಠಾಣೆಯಲ್ಲೂ ಅಂಥವರು ಸಿಗುತ್ತಾರೆ ಅಂತ ನಂಬಿ ಕೂರೋಕಾಗಲ್ಲ.

ಅದೇ ವರ್ಷ ಡಿಸೆಂಬರ್ 2ರಂದು, ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ದೇಶದ ಎಲ್ಲ ಠಾಣೆಗಳಲ್ಲೂ ಸಿಸಿಟಿವಿ ಹಾಕಬೇಕು ಅಂತ ಸುಪ್ರೀಂ ಕೋರ್ಟ್ ಆದೇಶ ಕೊಟ್ಟಿತು. ಎಲ್ಲೆಲ್ಲಿ ಅಂದರೆ:

[ತೆರೆಯಲ್ಲಿ: ಠಾಣೆಯ ನೆಲನಕ್ಷೆ, ಒಂದೊಂದೇ ಕ್ಯಾಮೆರಾ ಮೂಡುತ್ತದೆ]

ಮುಖ್ಯ ಗೇಟು, ಒಳಹೋಗುವ-ಹೊರಬರುವ ಎಲ್ಲ ಬಾಗಿಲು, ಎಲ್ಲ ಲಾಕಪ್‌ಗಳು, ಕಾರಿಡಾರ್, ಇನ್‌ಸ್ಪೆಕ್ಟರ್ ಮತ್ತು ಸಬ್ ಇನ್‌ಸ್ಪೆಕ್ಟರ್ ಕೊಠಡಿ, ಶೌಚಾಲಯದ ಹೊರಗೆ, ಠಾಣೆಯ ಹಿಂಭಾಗ. ಎಲ್ಲಿಯೂ ಕ್ಯಾಮೆರಾ ಇಲ್ಲದ ಮೂಲೆ ಉಳಿಯಬಾರದು. ಕತ್ತಲಲ್ಲೂ ಕಾಣಬೇಕು, ಮಾತೂ ರೆಕಾರ್ಡ್ ಆಗಬೇಕು. ದೃಶ್ಯ 18 ತಿಂಗಳು ಉಳಿಯಬೇಕು. ಅಂಥ ಸಾಧನ ಮಾರುಕಟ್ಟೆಯಲ್ಲಿ ಸಿಗದಿದ್ದರೆ ಕನಿಷ್ಠ ಒಂದು ವರ್ಷ. ಕ್ಯಾಮೆರಾ ಕೆಟ್ಟರೆ ಜವಾಬ್ದಾರಿ ಠಾಣಾಧಿಕಾರಿಯದು, ಜಿಲ್ಲಾ ಮಟ್ಟದ ಸಮಿತಿಗೆ ಅವರೇ ವರದಿ ಮಾಡಬೇಕು.

ಎಡವೋದು ಇಲ್ಲೇ. ಯಾರ ಮೇಲೆ ದೂರು ಬರಬಹುದೋ ಅವರ ಕೈಯಲ್ಲೇ ರೆಕಾರ್ಡರ್ ಇರುತ್ತೆ. ಕ್ಯಾಮೆರಾ ಕೆಟ್ಟಿದೆ ಅಂತ ಅವರು ಹೇಳಿದ ಮೇಲೆ, ಹಳೆಯ ದೃಶ್ಯವನ್ನು ಮತ್ತೆ ಹುಟ್ಟಿಸೋಕೆ ಯಾರಿಂದಲೂ ಆಗಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದ ಕಸ್ಟಡಿ ಸಾವುಗಳ ಪತ್ರಿಕಾ ವರದಿ ನೋಡಿ ಸುಪ್ರೀಂ ಕೋರ್ಟೇ ಸ್ವಯಂಪ್ರೇರಿತವಾಗಿ ಈ ವಿಷಯವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ಆದೇಶ ಬಂದು ಆಗಲೇ ಐದು ವರ್ಷ ಆಗುತ್ತಾ ಬಂದಿತ್ತು.

ಹಾಗಾಗಿ ಪೊಲೀಸರು ಹಿಡಿದುಕೊಂಡು ಹೋದವರ ಮನೆಯವರು ಕಾಯಬಾರದು. ಮೊದಲ ದಿನವೇ ಠಾಣಾಧಿಕಾರಿಗೂ ಎಸ್ಪಿಗೂ (ಬೆಂಗಳೂರಿನಂಥ ಕಮಿಷನರೇಟ್ ಆದರೆ ಡಿಸಿಪಿಗೆ) ಫೂಟೇಜ್ ಅಳಿಸದೆ ಉಳಿಸಿಡಿ, ಪ್ರತಿ ಕೊಡಿ ಅಂತ ಒಂದು ಅರ್ಜಿ ಕೊಡಿ. ಯಾವ ದಿನಾಂಕ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಯಾವ ಯಾವ ಜಾಗದ ಕ್ಯಾಮೆರಾ, ಎಲ್ಲ ಬರೆಯಿರಿ. "ಎಲ್ಲ ಫೂಟೇಜ್ ಕೊಡಿ" ಅಂತಷ್ಟೇ ಬರೆದರೆ ತಳ್ಳಿಹಾಕೋದು ಸುಲಭ. ಸ್ವೀಕೃತಿ ಕೊಡದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿ ಜೋಪಾನವಾಗಿಡಿ. ಆಮೇಲೆ ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದಿರೋ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 94ನೇ ಸೆಕ್ಷನ್ ಅಡಿ ಫೂಟೇಜ್ ಹಾಜರುಪಡಿಸಲು ಆದೇಶ ಕೊಡಿ ಅಂತ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಮುಂದೆ ಕೇಳಿ.

[ತೆರೆಯಲ್ಲಿ: ಬಂಧನದ ಮೆಮೊ ಮಾದರಿ]

ಕ್ಯಾಮೆರಾ ಕೈಕೊಟ್ಟರೂ ಕಾಗದ ಮಾತಾಡುತ್ತೆ. ಸುಪ್ರೀಂ ಕೋರ್ಟ್‌ನ 1996ರ ಡಿ.ಕೆ. ಬಸು ತೀರ್ಪಿನ ಪ್ರಕಾರ ಬಂಧನದ ಮೆಮೊದಲ್ಲಿ ದಿನಾಂಕ, ಸಮಯ ಇರಬೇಕು. ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಸಹಿ ಹಾಕಬೇಕು. ಬಂಧಿತರು ಕೇಳಿದರೆ, ಮೈಮೇಲಿನ ಸಣ್ಣ-ದೊಡ್ಡ ಗಾಯಗಳನ್ನೆಲ್ಲ ಆಗಲೇ ಪರೀಕ್ಷಿಸಿ ಬರೆದಿಡಬೇಕು. ಕಸ್ಟಡಿಯಲ್ಲಿ ಇರುವಷ್ಟು ದಿನವೂ 48 ಗಂಟೆಗೊಮ್ಮೆ ವೈದ್ಯರ ತಪಾಸಣೆ. ಬಂಧನದ ಹೊತ್ತಲ್ಲಿ ಗಾಯ ಇಲ್ಲ, ಎರಡು ದಿನದ ಮೇಲೆ ಇದೆ ಅಂತಾದರೆ ಉತ್ತರ ಕೊಡಬೇಕಾದವರು ಪೊಲೀಸರು.

ಸಮಯವನ್ನು ಸರಿಯಾಗಿ ನೋಡಿ. ಮಧ್ಯಾಹ್ನ "ಸುಮ್ಮನೆ ವಿಚಾರಣೆಗೆ" ಅಂತ ಕರೆದುಕೊಂಡು ಹೋಗಿ, ಮರುದಿನ ಬೆಳಗ್ಗೆ ಬಂಧನ ಅಂತ ಬರೆದರೆ ಮಧ್ಯದ ಅಷ್ಟೂ ಗಂಟೆ ದಾಖಲೆಯಿಂದ ಮಾಯ. ಹೊಡೆತ ಬೀಳೋದು ಹೆಚ್ಚಾಗಿ ಆ ಲೆಕ್ಕಕ್ಕೆ ಸಿಗದ ಗಂಟೆಗಳಲ್ಲೇ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಅನ್ನೋ ಸಂವಿಧಾನದ ನಿಯಮಕ್ಕೂ ಹೀಗೇ ಕನ್ನ ಬೀಳುತ್ತೆ. ಕರೆದೊಯ್ದ ತಕ್ಷಣ ಯಾರಿಗಾದರೂ ಒಂದು ಮೆಸೇಜ್ ಕಳಿಸಿದ್ದರೂ ಅದರ ಸಮಯ ಮುಂದೆ ಕೆಲಸಕ್ಕೆ ಬರುತ್ತೆ.

ಮ್ಯಾಜಿಸ್ಟ್ರೇಟ್ "ಹೊಡೆದರಾ?" ಅಂತ ಕೇಳಿದಾಗ ಹೆದರಿ ಸುಮ್ಮನಾಗಬೇಡಿ, ಗಾಯ ತೋರಿಸಿ, ವೈದ್ಯಕೀಯ ಪರೀಕ್ಷೆ ಕೇಳಿ. ದೌರ್ಜನ್ಯದ ದೂರನ್ನು ಕರ್ನಾಟಕದಲ್ಲಿ ರಾಜ್ಯ ಪೊಲೀಸ್ ದೂರು ಪ್ರಾಧಿಕಾರಕ್ಕೂ ಕೊಡಬಹುದು. ಮಾನವ ಹಕ್ಕುಗಳ ಆಯೋಗಕ್ಕಾದರೆ ಘಟನೆ ನಡೆದ ಒಂದು ವರ್ಷದೊಳಗೆ ಕೊಡಬೇಕು, ತಡವಾದರೆ ಆಯೋಗ ವಿಚಾರಣೆ ನಡೆಸುವಂತಿಲ್ಲ. ವಕೀಲರಿಗೆ ಹಣ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಕಸ್ಟಡಿಯಲ್ಲಿರುವ ವ್ಯಕ್ತಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತೆ.