ಕೀಬೋರ್ಡಿನಿಂದ ಕಂಪ್ಯೂಟರಿಗೆ: ಬೆರಳಿನ ದಾಖಲೆ ಮತ್ತು ನಾದದ ದಾಖಲೆ

ಮಾನ್ಯ ಸಂಗೀತಾಸಕ್ತರೇ,

ಸಿಂಥಸೈಜರನ್ನು, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್ ವಾದ್ಯವನ್ನು, ಮನೆಯ ಕಂಪ್ಯೂಟರಿಗೆ ಜೋಡಿಸಿ, ನುಡಿಸಿದ್ದನ್ನು ಉಳಿಸಿಕೊಳ್ಳಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕೇಬಲ್ ಕೊಳ್ಳಬೇಕು ಎಂದು. ಪ್ರಶ್ನೆ ಸರಿಯಾದದ್ದೇ, ಆದರೆ ಅದಕ್ಕೆ ಉತ್ತರ ಸಿಗಬೇಕಾದರೆ ವಾದ್ಯದ ಹಿಂಬದಿಯಿಂದ ಎರಡು ಬೇರೆ ಬೇರೆ ಸಂಗತಿಗಳು ಹೊರಬರುತ್ತವೆ ಎಂಬುದನ್ನು ಮೊದಲು ಮನಗಾಣಬೇಕು. ಒಂದು ನಾದ, ಅಂದರೆ ಸ್ಪೀಕರನ್ನು ಕಂಪಿಸುವಂತೆ ಮಾಡಬಲ್ಲ ವಿದ್ಯುತ್ತಿನ ಅಲೆ. ಇನ್ನೊಂದು ವಾದಕರ ಬೆರಳುಗಳ ವರದಿ: ಯಾವ ಕೀಲಿಯನ್ನು ಯಾವಾಗ, ಎಷ್ಟು ರಭಸದಿಂದ ಒತ್ತಲಾಯಿತು, ಯಾವಾಗ ಬಿಡಲಾಯಿತು ಎಂಬ ವಿವರ. ಇವೆರಡೂ ಬೇರೆ ದಾರಿಗಳಲ್ಲಿ ಸಾಗುತ್ತವೆ, ಬೇರೆ ಬಗೆಯ ಕಡತಗಳಾಗಿ ಉಳಿಯುತ್ತವೆ. ಒಂದನ್ನು ಹಿಡಿದು ಇನ್ನೊಂದೂ ಸಿಕ್ಕಿತೆಂದು ಭಾವಿಸುವುದರಿಂದಲೇ ಮನೆಯ ಧ್ವನಿಮುದ್ರಣದ ಬಹಳಷ್ಟು ತೊಡಕುಗಳು ಹುಟ್ಟುತ್ತವೆ. ಸಾಧ್ಯವಿರುವಾಗಲೆಲ್ಲ ಎರಡನ್ನೂ ಏಕಕಾಲಕ್ಕೆ ದಾಖಲಿಸಿಕೊಳ್ಳಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣಗಳನ್ನೂ ಕ್ರಮವನ್ನೂ ವಿವರಿಸುತ್ತೇನೆ.

ಬೆರಳುಗಳ ವರದಿಯನ್ನು ಸಾಗಿಸುವ ವ್ಯವಸ್ಥೆಯೇ ಮಿಡಿ. ಅದು ಬರುವ ಮೊದಲು ಒಂದು ಕಂಪನಿಯ ಸಿಂಥಸೈಜರಿಗೂ ಇನ್ನೊಂದು ಕಂಪನಿಯದಕ್ಕೂ ನಡುವೆ ಎಲ್ಲರೂ ಒಪ್ಪಿದ ಭಾಷೆಯಿರಲಿಲ್ಲ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ವಾದ್ಯಪ್ರದರ್ಶನದಲ್ಲಿ ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್ ಕಂಪನಿಯ ಪ್ರಾಫೆಟ್-600 ವಾದ್ಯವನ್ನು ರೋಲ್ಯಾಂಡ್ ಕಂಪನಿಯ ಜೂಪಿಟರ್-6ಕ್ಕೆ ಜೋಡಿಸಿ, ಒಂದರ ಮೇಲೆ ನುಡಿಸಿದ್ದು ಇನ್ನೊಂದರಿಂದ ಹೊಮ್ಮುವುದನ್ನು ತೋರಿಸಲಾಯಿತು. ಈ ಕೆಲಸದ ಹಿಂದಿದ್ದ ಡೇವ್ ಸ್ಮಿತ್ ಮತ್ತು ಇಕುತಾರೊ ಕಕೆಹಾಶಿ ಅವರಿಗೆ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಗೌರವ ಸಂದಿತು. ಅಂದು ಗೊತ್ತುಮಾಡಿದ ಐದು ಪಿನ್ನಿನ ಕೇಬಲ್ ಸೆಕೆಂಡಿಗೆ 31,250 ಬಿಟ್‌ಗಳನ್ನು ಸಾಗಿಸುತ್ತದೆ. ಒಂದು ಕೀಲಿಯನ್ನು ಒತ್ತಿದ ಸುದ್ದಿಗೆ ಬೇಕಾದದ್ದು ಮೂರು ಬೈಟ್ ಮಾತ್ರ: ಯಾವ ಚಾನೆಲ್, ಯಾವ ಸ್ವರ, ಎಷ್ಟು ರಭಸ. ಅದನ್ನು ಕಳುಹಿಸಲು ಸುಮಾರು ಒಂದು ಮಿಲಿಸೆಕೆಂಡ್ ಸಾಕು. ಇಂದು ಇದೇ ಸುದ್ದಿ ಹೆಚ್ಚಾಗಿ ಯುಎಸ್‌ಬಿ ಕೇಬಲಿನಲ್ಲಿ ಹೋಗುತ್ತದೆ, ಆದರೆ ಅದರ ಒಡಲು ಬದಲಾಗಿಲ್ಲ.

ಈ ಸುದ್ದಿಯಲ್ಲಿ ನಾದದ ಲವಲೇಶವೂ ಇಲ್ಲ. ಮಿಡಿ ಕಡತವನ್ನು ಮತ್ತೆ ನುಡಿಸಿದಾಗ ಕೇಳುವ ಧ್ವನಿ, ಆ ಹೊತ್ತಿಗೆ ಅದನ್ನು ಸ್ವೀಕರಿಸುವ ವಾದ್ಯದಲ್ಲಿ ಯಾವ ಸ್ವರಗುಣ ಆಯ್ಕೆಯಾಗಿದೆಯೋ ಅದರದ್ದು. ಇದು ಕೊರತೆಯೂ ಹೌದು, ದೊಡ್ಡ ವರವೂ ಹೌದು. ತಪ್ಪಿದ ಒಂದು ಸ್ವರವನ್ನು ಮಾತ್ರ ತಿದ್ದಬಹುದು, ಶ್ರುತಿ ಬದಲಿಸದೆ ಲಯವನ್ನು ನಿಧಾನಿಸಬಹುದು, ವಾದ್ಯದಲ್ಲಿ ಹೊಸ ಸ್ವರಗುಣವನ್ನು ಆರಿಸಿ ಅದೇ ನುಡಿಸಾಣಿಕೆಯನ್ನು ಅದರಲ್ಲಿ ಕೇಳಬಹುದು. ಗಮಕವನ್ನು ಪಿಚ್ ಬೆಂಡ್ ಚಕ್ರದಿಂದ (ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಚಕ್ರ) ಮೂಡಿಸುವವರಿಗೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಚಕ್ರದ ಸ್ಥಾನವನ್ನು ಮಿಡಿ 16,384 ಮೆಟ್ಟಿಲುಗಳಲ್ಲಿ ಸೂಕ್ಷ್ಮವಾಗಿಯೇ ದಾಖಲಿಸುತ್ತದೆ. ಆದರೆ ಚಕ್ರವನ್ನು ಪೂರ್ತಿ ತಿರುಗಿಸಿದಾಗ ಸ್ವರ ಎಷ್ಟು ದೂರ ಜಾರಬೇಕೆಂಬುದನ್ನು ವಾದ್ಯದ ಸೆಟ್ಟಿಂಗ್ ನಿರ್ಧರಿಸುತ್ತದೆ. ಎರಡು ಅರ್ಧಸ್ವರಗಳ ವ್ಯಾಪ್ತಿಯಲ್ಲಿ ನುಡಿಸಿದ ಗಮಕವನ್ನು ಹನ್ನೆರಡು ಅರ್ಧಸ್ವರಗಳ ವ್ಯಾಪ್ತಿಯುಳ್ಳ ಧ್ವನಿಗೆ ಕಳುಹಿಸಿದರೆ ರಾಗವೇ ಕೆಟ್ಟುಹೋಗುತ್ತದೆ. ಆದ್ದರಿಂದ ಆ ವ್ಯಾಪ್ತಿಯನ್ನು ಟ್ರ್ಯಾಕಿನ ಹೆಸರಿನಲ್ಲೇ ಬರೆದಿಡುವುದು ಒಳ್ಳೆಯದು.

ಮಿಡಿ ಇಷ್ಟೊಂದು ಅನುಕೂಲಕರವಾದರೆ ಅದೊಂದೇ ಸಾಲದೇ ಎಂದು ಕೇಳಬಹುದು. ಸಾಲದು ಎಂದೇ ನಾನು ಹೇಳುತ್ತೇನೆ. ಅನಲಾಗ್ ಸಿಂಥಸೈಜರುಗಳಲ್ಲಿ ಅಲೆಯನ್ನು ಹುಟ್ಟಿಸುವ ಆಸಿಲೇಟರುಗಳು ಸಾಮಾನ್ಯವಾಗಿ ನಿಲ್ಲದೆ ಓಡುತ್ತಿರುತ್ತವೆ. ಕೀಲಿ ಒತ್ತಿದ ಕ್ಷಣದಲ್ಲಿ ಅವುಗಳ ಅಲೆ ಯಾವ ಹಂತದಲ್ಲಿದೆ ಎಂಬುದು ಪ್ರತಿ ಸಲವೂ ಬೇರೆ. ಬಿಸಿ ಏರಿದಂತೆ ಅವುಗಳ ಶ್ರುತಿಯೂ ಸ್ವಲ್ಪ ಸರಿಯುತ್ತದೆ. ಹಾಗಾಗಿ ಒಂದೇ ಮಿಡಿ ಕಡತವನ್ನು ಎರಡು ಸಲ ಕಳುಹಿಸಿದರೆ ಸಿಗುವುದು ಒಂದನ್ನೊಂದು ಹೋಲುವ ಎರಡು ನಾದಗಳು, ಯಥಾವತ್ ಪ್ರತಿಗಳಲ್ಲ. ನುಡಿಸುತ್ತಾ ಧ್ವನಿಯ ಬಣ್ಣ ಬದಲಿಸುವ ಫಿಲ್ಟರಿನ ಗುಂಡಿಯನ್ನು ಕೈಯಿಂದ ತಿರುಗಿಸಿದ್ದರೆ, ಕೆಲವು ವಾದ್ಯಗಳು ಆ ಚಲನೆಯನ್ನು ಮಿಡಿಯಲ್ಲಿ ಕಳುಹಿಸುವುದೇ ಇಲ್ಲ. ಆ ಸಂಜೆ ಒದಗಿಬಂದ ಆ ನಾದ ಆಡಿಯೊ ಆಗಿ ದಾಖಲಾಗದಿದ್ದರೆ ಅದು ಹೋದಂತೆಯೇ.

ಇನ್ನು ಆಡಿಯೊ ದಾರಿಗೆ ಬರೋಣ. ಇಲ್ಲಿ ಕೇಬಲಿನ ಪ್ರಶ್ನೆಗೆ ನಿಜವಾದ ಉತ್ತರವಿದೆ. ಸಿಂಥಸೈಜರಿನ ಹಿಂದೆ ಸಾಮಾನ್ಯವಾಗಿ ಎಡ ಮತ್ತು ಬಲ ಎಂದು ನಾದ ಹೊರಬರುವ ಎರಡು ಲೈನ್ ಔಟ್ ರಂಧ್ರಗಳಿರುತ್ತವೆ, 6.35 ಮಿಲಿಮೀಟರ್ ಜ್ಯಾಕಿಗೆ ಹೊಂದುವಂಥವು. ಎಡಗಡೆಯದರ ಪಕ್ಕದಲ್ಲಿ ಮೋನೊ ಎಂದೂ ಬರೆದಿದ್ದರೆ, ಅದೊಂದಕ್ಕೇ ಕೇಬಲ್ ಹಾಕಿದಾಗ ವಾದ್ಯ ಎರಡೂ ಬದಿಗಳನ್ನು ಕೂಡಿಸಿ ಕಳುಹಿಸುತ್ತದೆ. ಕೋರಸ್‌ನಂತಹ (ಒಂದೇ ಧ್ವನಿ ಹಲವಾಗಿ ಕೇಳುವಂತೆ ಮಾಡುವ) ಪರಿಣಾಮಗಳ ವಿಸ್ತಾರ ಉಳಿಯಬೇಕಾದರೆ ಎರಡು ಕೇಬಲ್‌ಗಳು, ಆಡಿಯೊ ಇಂಟರ್‌ಫೇಸಿನಲ್ಲಿ (ನಾದವನ್ನು ಕಂಪ್ಯೂಟರಿಗೆ ತಲುಪಿಸುವ ಪೆಟ್ಟಿಗೆಯಲ್ಲಿ) ಎರಡು ಲೈನ್ ಇನ್‌ಪುಟ್‌ಗಳು ಬೇಕೇ ಬೇಕು. ಹೆಡ್‌ಫೋನ್ ರಂಧ್ರವೊಂದೇ ಇರುವ ವಾದ್ಯಗಳಲ್ಲಿ ಅನೇಕರು ಎಡವುವುದು ಹೀಗೆ: ಮೂರು ಸಂಪರ್ಕಗಳ ಸ್ಟೀರಿಯೊ ಕೇಬಲನ್ನು ಇಂಟರ್‌ಫೇಸಿನ ಒಂದು ಬ್ಯಾಲೆನ್ಸ್ಡ್ ಇನ್‌ಪುಟ್ಟಿಗೆ ನೇರವಾಗಿ ಚುಚ್ಚುತ್ತಾರೆ. ಬ್ಯಾಲೆನ್ಸ್ಡ್ ಇನ್‌ಪುಟ್ಟಿನ ಕೆಲಸವೇ ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಸ್ವೀಕರಿಸುವುದು. ಆದ್ದರಿಂದ ಎಡಬಲಗಳಲ್ಲಿ ಸಮಾನವಾಗಿರುವ ನಾದವೆಲ್ಲ ಅಳಿಸಿಹೋಗಿ, ಟೊಳ್ಳಾದ, ದೂರದ ಧ್ವನಿಯೊಂದು ಉಳಿಯುತ್ತದೆ. ವಾದ್ಯ ಕೆಟ್ಟಿದೆ ಎಂದು ಹೆದರಬೇಕಾಗಿಲ್ಲ. ಒಂದು ತುದಿಯಲ್ಲಿ ಸ್ಟೀರಿಯೊ ಜ್ಯಾಕ್, ಇನ್ನೊಂದು ತುದಿಯಲ್ಲಿ ಎರಡು ಮೋನೊ ಜ್ಯಾಕ್‌ಗಳಿರುವ ಕವಲು ಕೇಬಲ್ ಹಾಕಿದರೆ ತೊಂದರೆ ನೀಗುತ್ತದೆ.

ಲ್ಯಾಪ್‌ಟಾಪಿನ ಮೈಕ್ ರಂಧ್ರಕ್ಕೆ ಸಿಂಥಸೈಜರನ್ನು ಜೋಡಿಸಬೇಡಿ. ಅದು ಸಾಮಾನ್ಯವಾಗಿ ಮೋನೊ, ಮೈಕಿನ ಅತಿ ಸಣ್ಣ ವೋಲ್ಟೇಜಿಗಾಗಿ ರೂಪಿಸಿದ್ದು. ಲೈನ್ ಮಟ್ಟದ ಸಂಕೇತ ಅಲ್ಲಿ ಒಡೆದುಹೋಗುತ್ತದೆ. ಕೆಲವು ಹೊಸ ವಾದ್ಯಗಳು ಯುಎಸ್‌ಬಿ ಮೂಲಕವೇ ಆಡಿಯೊವನ್ನೂ ಕಳುಹಿಸುತ್ತವೆ. ಅಂಥದ್ದು ನಿಮ್ಮಲ್ಲಿದ್ದರೆ ಇಂಟರ್‌ಫೇಸ್ ಇಲ್ಲದೆಯೇ ಕೆಲಸ ಆರಂಭಿಸಬಹುದು.

ಮಟ್ಟವನ್ನು ಹೊಂದಿಸುವಾಗ ವಾದ್ಯದ ವಾಲ್ಯೂಮನ್ನು ಏರಿಸಿಟ್ಟು ಇಂಟರ್‌ಫೇಸಿನ ಗೇನನ್ನು (ಸಂಕೇತವನ್ನು ಹಿಗ್ಗಿಸುವ ಪ್ರಮಾಣವನ್ನು) ತಗ್ಗಿಸಿಡುವುದು ಉತ್ತಮ, ಏಕೆಂದರೆ ವಾದ್ಯದ ಕಡೆ ಸಂಕೇತ ದುರ್ಬಲವಾಗಿದ್ದು ಮುಂದೆ ಅದನ್ನು ಹಿಗ್ಗಿಸಿದರೆ ಜೊತೆಗೆ ಗದ್ದಲವೂ ಹಿಗ್ಗುತ್ತದೆ. ಇಡೀ ತುಣುಕಿನ ಅತ್ಯಂತ ಜೋರಾದ ಭಾಗವನ್ನು, ಎರಡೂ ಕೈಗಳ ಪೂರ್ಣ ಸ್ವರಮೇಳವನ್ನು, ಫಿಲ್ಟರಿನ ರೆಸೊನೆನ್ಸ್ (ಕೆಲವು ಕಂಪನಗಳನ್ನು ಎತ್ತಿ ತೋರಿಸುವ ಗುಣ) ಏರಿದ ಜಾಗವನ್ನು ನುಡಿಸಿ ನೋಡಿ. ಆಗಲೂ ಮೀಟರಿನ ಶಿಖರ ಗರಿಷ್ಠ ಮಟ್ಟವಾದ ಸೊನ್ನೆಗಿಂತ 6ರಿಂದ 12 ಡೆಸಿಬೆಲ್ ಕೆಳಗಿರಲಿ. ಸೊನ್ನೆಯನ್ನು ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಕತ್ತರಿಸಿದ್ದನ್ನು ಅದು ಇದ್ದಂತೆಯೇ ಮರಳಿ ಪಡೆಯಲಾಗದು. ಹೆಚ್ಚು ಜೋರಾಗಿ ದಾಖಲಿಸಬೇಕೆಂಬ ಹಳೆಯ ಆತುರಕ್ಕೆ ಈಗ ಕಾರಣವಿಲ್ಲ. ಪ್ರತಿ ಬಿಟ್ ಸುಮಾರು 6 ಡೆಸಿಬೆಲ್‌ಗಳ ವ್ಯಾಪ್ತಿ ಕೊಡುವುದರಿಂದ 24 ಬಿಟ್ ಧ್ವನಿಮುದ್ರಣದಲ್ಲಿ ಹನ್ನೆರಡು ಡೆಸಿಬೆಲ್ ಬಿಟ್ಟುಕೊಟ್ಟರೂ 16 ಬಿಟ್‌ಗಿಂತ ಬಹಳ ಹೆಚ್ಚು ಉಳಿದಿರುತ್ತದೆ.

ಕೇಬಲ್‌ಗಳನ್ನೆಲ್ಲ ಸರಿಯಾಗಿ ಜೋಡಿಸಿದ ಮೇಲೂ ಗುಂಯ್ ಎಂಬ ನಿರಂತರ ಸದ್ದೋ, ಮೌಸ್ ಚಲಿಸಿದಾಗ ಬದಲಾಗುವ ಕೀಚಲು ಸದ್ದೋ ಕೇಳಿಸಿದರೆ ಅದಕ್ಕೆ ಹೆಚ್ಚಾಗಿ ಕಾರಣ ಗ್ರೌಂಡ್ ಲೂಪ್. ಸಿಂಥಸೈಜರಿನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಒಂದು ದಾರಿ, ಆಡಿಯೊ ಕೇಬಲ್ ಇನ್ನೊಂದು ದಾರಿ. ಎರಡರ ನೆಲದ ತಂತಿಗಳೂ ಸೇರಿ ಒಂದು ವರ್ತುಲವಾಗುತ್ತದೆ, ಅದರಲ್ಲಿ ಹರಿಯುವ ಸಣ್ಣ ವಿದ್ಯುತ್ ಧ್ವನಿಯೊಳಗೆ ನುಸುಳುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಬ್ಯಾಟರಿಯಲ್ಲಿ ನಡೆಸಿ ನೋಡಿ, ಆಮೇಲೆ ಯುಎಸ್‌ಬಿ ಕೇಬಲನ್ನು ತೆಗೆದು ನೋಡಿ. ಯಾವಾಗ ಸದ್ದು ಅಡಗಿತೋ ಅಲ್ಲಿ ಕಾರಣವಿದೆ. ಮಿಡಿಗಾಗಿ ಹಳೆಯ ಐದು ಪಿನ್ನಿನ ಕೇಬಲನ್ನೇ ಬಳಸುವುದು ಸೊಗಸಾದ ಪರಿಹಾರ: ಅದರ ಸ್ವೀಕರಿಸುವ ತುದಿಯಲ್ಲಿ ಆಪ್ಟೊಕಪ್ಲರ್ ಇರಬೇಕೆಂದು 1983ರ ನಿಯಮವೇ ವಿಧಿಸಿದೆ, ಆದ್ದರಿಂದ ಸುದ್ದಿ ಬೆಳಕಿನ ರೂಪದಲ್ಲಿ ದಾಟುತ್ತದೆ, ವಿದ್ಯುತ್ ಸಂಪರ್ಕ ಏರ್ಪಡುವುದಿಲ್ಲ. ಆಡಿಯೊ ಕಡೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯಕ್ಕೂ ಇಂಟರ್‌ಫೇಸಿಗೂ ನಡುವೆ ಇಡುವ ಪುಟ್ಟ ಪೆಟ್ಟಿಗೆ) ಅದೇ ಕೆಲಸ ಮಾಡುತ್ತದೆ. ಸದ್ದು ನಿಲ್ಲಿಸಲೆಂದು ಪ್ಲಗ್ಗಿನ ಅರ್ತಿಂಗ್ ಪಿನ್ನನ್ನು ಮಾತ್ರ ಯಾರೂ ತೆಗೆಯಬಾರದು. ಅದು ಪ್ರಾಣರಕ್ಷಣೆಗೆ ಇರುವಂಥದ್ದು.

ಮುಂದಿನದು ತಡದ ಪ್ರಶ್ನೆ. ಕಂಪ್ಯೂಟರ್ ಧ್ವನಿಯನ್ನು ಬಫರ್ ಎಂಬ ಕಂತುಗಳಲ್ಲಿ ಸ್ವೀಕರಿಸುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್‌ಗಳ (ಅಲೆಯ ಅಳತೆಗಳ) ದರದಲ್ಲಿ 128 ಸ್ಯಾಂಪಲ್‌ಗಳ ಕಂತು ಸುಮಾರು 2.7 ಮಿಲಿಸೆಕೆಂಡ್, 1,024ರ ಕಂತು 21 ಮಿಲಿಸೆಕೆಂಡಿಗೂ ಹೆಚ್ಚು. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಈ ತಡ ಸೇರುತ್ತದೆ. ಕಂಪ್ಯೂಟರಿನೊಳಗಿನ ವಾದ್ಯವನ್ನು ನುಡಿಸುವವರಿಗೆ ಇದು ನಿತ್ಯದ ಕಾಟ. ನಿಜವಾದ ಸಿಂಥಸೈಜರನ್ನು ನುಡಿಸುವವರಿಗೆ ಇಲ್ಲೊಂದು ಭಾಗ್ಯವಿದೆ: ನಾದ ವಾದ್ಯದಲ್ಲೇ ಹುಟ್ಟುವುದರಿಂದ ಇಂಟರ್‌ಫೇಸಿನ ನೇರ ಮಾನಿಟರಿಂಗ್ (ಒಳಬಂದ ನಾದವನ್ನು ಕಂಪ್ಯೂಟರಿನ ಮೂಲಕ ಹಾಯಿಸದೆಯೇ ಕೇಳಿಸುವ ಸೌಲಭ್ಯ) ಬಳಸಿ ಅದನ್ನು ತಡವಿಲ್ಲದೆ ಕೇಳಬಹುದು, ಬಫರ್ ದೊಡ್ಡದಿದ್ದರೂ ಚಿಂತೆಯಿಲ್ಲ. ಆಗ ತಂತ್ರಾಂಶದಲ್ಲಿ ಆ ಟ್ರ್ಯಾಕಿನ ಮಾನಿಟರಿಂಗನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಒಂದೇ ಸ್ವರ ಎರಡೆರಡು ಸಲ ಕೇಳಿಸುತ್ತದೆ. ವಿಂಡೋಸ್‌ನಲ್ಲಿ ಇಂಟರ್‌ಫೇಸ್ ತಯಾರಕರೇ ಕೊಡುವ ಏಸಿಯೊ ಡ್ರೈವರನ್ನು (ಈ ತಡವನ್ನು ತಗ್ಗಿಸುವ ತಂತ್ರಾಂಶವನ್ನು) ಹಾಕಿಕೊಳ್ಳುವುದು ಉತ್ತಮ. ಮ್ಯಾಕ್‌ನಲ್ಲಿ ಅದೇ ಕೆಲಸದ ಕೋರ್ ಆಡಿಯೊ ಮೊದಲೇ ಇರುತ್ತದೆ.

ಮಿಡಿ ಕಡೆಯೂ ಸ್ವರ ಇಮ್ಮಡಿಯಾಗುವುದುಂಟು. ನೀವು ಒತ್ತಿದ ಕೀಲಿ ವಾದ್ಯದೊಳಗಿನ ಧ್ವನಿಯನ್ನು ನೇರವಾಗಿ ಎಬ್ಬಿಸುತ್ತದೆ. ಅದೇ ಸುದ್ದಿ ಕಂಪ್ಯೂಟರಿಗೆ ಹೋಗಿ ಮರಳಿ ಬಂದು ಮತ್ತೊಮ್ಮೆ ಎಬ್ಬಿಸುತ್ತದೆ. ವಾದ್ಯದ ಮೆನುವಿನಲ್ಲಿ ಲೋಕಲ್ ಕಂಟ್ರೋಲನ್ನು ಆಫ್ ಮಾಡಿದರೆ ಕೀಲಿಗಳಿಗೂ ಧ್ವನಿಗೂ ಇರುವ ಒಳಸಂಪರ್ಕ ಕಡಿಯುತ್ತದೆ, ಸುದ್ದಿ ಕಂಪ್ಯೂಟರಿನ ಮೂಲಕ ಮಾತ್ರ ಬರುತ್ತದೆ. ಕಂಪ್ಯೂಟರ್ ಇಲ್ಲದೆ ನುಡಿಸಲು ಕುಳಿತಾಗ ಅದನ್ನು ಮತ್ತೆ ಆನ್ ಮಾಡಬೇಕೆಂಬುದು ನೆನಪಿರಲಿ. ಮರೆತರೆ ವಾದ್ಯ ಮೂಕವಾಗಿರುತ್ತದೆ.

ಎರಡನ್ನೂ ಒಟ್ಟಿಗೆ ದಾಖಲಿಸುವ ಕ್ರಮ ಈಗ ಸುಲಭವಾಗಿ ಕಾಣುತ್ತದೆ. ರೀಪರ್, ಆರ್ಡರ್, ಕ್ಯೂಬೇಸ್, ಲಾಜಿಕ್‌ನಂತಹ ತಂತ್ರಾಂಶದಲ್ಲಿ ಒಂದು ಮಿಡಿ ಟ್ರ್ಯಾಕ್, ಒಂದು ಸ್ಟೀರಿಯೊ ಆಡಿಯೊ ಟ್ರ್ಯಾಕ್ ತೆರೆದು ಎರಡನ್ನೂ ಧ್ವನಿಮುದ್ರಣಕ್ಕೆ ಸಜ್ಜುಮಾಡಿ ಒಮ್ಮೆ ನುಡಿಸಿರಿ. ಅಡಾಸಿಟಿ ಒಳ್ಳೆಯ ಉಚಿತ ಸಾಧನವೇ ಆದರೂ ಅದು ನುಡಿಸುತ್ತಿರುವ ಮಿಡಿಯನ್ನು ದಾಖಲಿಸುವುದಿಲ್ಲ. ನುಡಿಸಾಣಿಕೆ ನಿರ್ದೋಷವಾಗಿದ್ದರೆ ಆಡಿಯೊ ಸಿದ್ಧವಾಗಿಯೇ ಇದೆ. ಒಂದೆರಡು ಸ್ವರ ತಪ್ಪಿದ್ದರೆ ಮಿಡಿಯಲ್ಲಿ ತಿದ್ದಿ, ತಿದ್ದಿದ್ದನ್ನು ಸಿಂಥಸೈಜರಿಗೆ ಕಳುಹಿಸಿ, ಹೊಸ ಆಡಿಯೊವನ್ನು ಇನ್ನೊಂದು ಟ್ರ್ಯಾಕಿನಲ್ಲಿ ಹಿಡಿಯಿರಿ. ಹಲವು ಧ್ವನಿಗಳನ್ನು ಒಟ್ಟಿಗೆ ಹೊಮ್ಮಿಸುವ ವಾದ್ಯದಲ್ಲಂತೂ ಈ ಕ್ರಮಕ್ಕೆ ಸಾಟಿಯಿಲ್ಲ: ಹೊರದಾರಿ ಎರಡೇ ಆದರೂ ಬೇಸ್, ತಂತಿವಾದ್ಯ, ತಾಳ ಒಂದೊಂದನ್ನೂ ಪ್ರತ್ಯೇಕವಾಗಿ ಕಳುಹಿಸಿ, ಪ್ರತ್ಯೇಕ ಆಡಿಯೊ ಆಗಿ ಹಿಡಿದು, ಮಿಶ್ರಣ ಮಾಡುವಾಗ ಬೇಕಾದಂತೆ ಹದಗೊಳಿಸಬಹುದು.

ವಾದ್ಯದ ರಿವರ್ಬನ್ನು, ಅಂದರೆ ಅನುರಣನವನ್ನು, ಇಟ್ಟುಕೊಳ್ಳಬೇಕೇ ಎಂಬ ಬಗ್ಗೆ ಅಭಿಪ್ರಾಯಭೇದವಿದೆ. ಧ್ವನಿಯ ಸ್ವಭಾವವೇ ಆಗಿರುವ ಕೋರಸ್ ಅಥವಾ ಡಿಸ್ಟಾರ್ಷನ್ ಇರಲಿ, ರಿವರ್ಬನ್ನು ಮಾತ್ರ ಆಫ್ ಮಾಡಿ ದಾಖಲಿಸಿ ಎಂಬುದು ನನ್ನ ಸಲಹೆ. ಬೇರೆ ವಾದ್ಯಗಳು ಜೊತೆಗೂಡಿದ ಮೇಲೆಯೇ ಎಷ್ಟು ಅನುರಣನ ಬೇಕೆಂದು ತಿಳಿಯುವುದು. ಒಮ್ಮೆ ಬೆರೆತ ಅನುರಣನವನ್ನು ಪೂರ್ತಿ ಬಿಡಿಸಿ ತೆಗೆಯಲಾಗದು. ಆರ್ಪೆಜಿಯೇಟರ್ (ಒತ್ತಿಹಿಡಿದ ಸ್ವರಗಳನ್ನು ಒಂದರ ಹಿಂದೊಂದು ತಾನೇ ನುಡಿಸುವ ಸೌಲಭ್ಯ) ಬಳಸುವವರು ಅದನ್ನು ಕಂಪ್ಯೂಟರ್ ಕಳುಹಿಸುವ ಲಯದ ಸಂಕೇತವಾದ ಮಿಡಿ ಕ್ಲಾಕಿಗೆ ಒಪ್ಪಿಸಲಿ, ಆಗ ಪ್ರತಿ ತಾಳಮಾತ್ರೆಗೆ 24 ಮಿಡಿತಗಳ ಲೆಕ್ಕದಲ್ಲಿ ವಾದ್ಯವೂ ಕಂಪ್ಯೂಟರೂ ಒಂದೇ ಲಯದಲ್ಲಿ ನಡೆಯುತ್ತವೆ.

ಕೊನೆಯದಾಗಿ ಸಂಗ್ರಹದ ಮಾತು. 48,000 ಸ್ಯಾಂಪಲ್, 24 ಬಿಟ್, ಸ್ಟೀರಿಯೊ ಆಡಿಯೊಗೆ ನಿಮಿಷಕ್ಕೆ ಸುಮಾರು 17 ಮೆಗಾಬೈಟ್ ಜಾಗ ಬೇಕು. ಗಂಟೆಗೆ ಸುಮಾರು ಒಂದು ಗಿಗಾಬೈಟ್. ಅದನ್ನು ಗುಣ ಕುಂದದ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲೇ ಇಡಿ. ಎಂಪಿ3 ಹಂಚಿಕೊಳ್ಳಲು ಮಾತ್ರ ಇರಲಿ. ಮಿಡಿ ಕಡತಕ್ಕೆ ಕೆಲವೇ ಕಿಲೋಬೈಟ್ ಸಾಕು. ಇವುಗಳ ಜೊತೆಗೆ ವಾದ್ಯದಲ್ಲಿ ನೀವು ರೂಪಿಸಿದ ಸ್ವರಗುಣದ ಸೆಟ್ಟಿಂಗುಗಳನ್ನು ಸಿಸ್ಟಮ್ ಎಕ್ಸ್‌ಕ್ಲೂಸಿವ್ (ಆಯಾ ವಾದ್ಯಕ್ಕೇ ಮೀಸಲಾದ ಮಿಡಿ) ಸಂದೇಶವಾಗಿ ಕಂಪ್ಯೂಟರಿಗೆ ಇಳಿಸಿ ಅದೇ ಫೋಲ್ಡರಿನಲ್ಲಿ ಇರಿಸಿ. ಹಳೆಯ ಸಿಂಥಸೈಜರುಗಳಲ್ಲಿ ಅನೇಕವು ತಮ್ಮ ಸ್ಮೃತಿಯನ್ನು ಒಂದು ಪುಟ್ಟ ಬ್ಯಾಟರಿಯಿಂದ ಕಾಪಾಡಿಕೊಳ್ಳುತ್ತವೆ, ಅದು ಬರಿದಾದ ದಿನ ಎಲ್ಲವೂ ಅಳಿಸಿಹೋಗುತ್ತದೆ. ಪ್ರತಿ ಟ್ರ್ಯಾಕನ್ನು ರಫ್ತು ಮಾಡುವಾಗ ಹಾಡಿನ ಸೊನ್ನೆಯ ಬಿಂದುವಿನಿಂದಲೇ ಆರಂಭಿಸಿ, ಲಯದ ವೇಗವನ್ನು ಕಡತದ ಹೆಸರಿನಲ್ಲಿ ನಮೂದಿಸಿ. ಇಂದಿನ ತಂತ್ರಾಂಶ ಮುಂದೆ ತೆರೆಯದೇ ಹೋದರೂ, ಬೇರೆ ಯಾವುದೇ ತಂತ್ರಾಂಶದಲ್ಲಿ ಅವುಗಳನ್ನು ಒಂದರ ಕೆಳಗೊಂದು ಇಟ್ಟರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ.