ಬಸುರಿಯ ರೋಜಾ: ಲೆಕ್ಕ ಇರೋದು ರಾತ್ರಿಯಲ್ಲಿ

[ದೃಶ್ಯ: ದಾವಣಗೆರೆ, ಆಜಾದ್ ನಗರದ ಒಂದು ಅಡುಗೆಮನೆ. ಬೆಳಗಿನ ಜಾವ 4.40. ಒಲೆ ಮೇಲೆ ಹಾಲು. ಗೋಡೆಯಲ್ಲಿ ರಂಜಾನ್ ಟೈಮ್ ಟೇಬಲ್. ಪಕ್ಕದ ಮೊಳೆಗೆ ಪ್ಲಾಸ್ಟಿಕ್ ಕವರಿನಲ್ಲಿ ತಾಯಿ ಕಾರ್ಡ್.]

ನಿರೂಪಣೆ:
ಅಸ್ಸಲಾಮು ಅಲೈಕುಮ್, ಎಲ್ಲರಿಗೂ ನಮಸ್ಕಾರ. ಈ ಗೋಡೆ ಮೇಲೆ ಎರಡು ಕಾಗದ ಇವೆ ನೋಡಿ. ಒಂದರಲ್ಲಿ ಸಹರಿ, ಅಂದ್ರೆ ಬೆಳಗಿನ ಜಾವದ ಊಟ, ಮತ್ತೆ ಇಫ್ತಾರ್, ಅಂದ್ರೆ ಸಂಜೆ ಉಪವಾಸ ಬಿಡೋ ಟೈಮು. ಇನ್ನೊಂದರಲ್ಲಿ ರಕ್ತ, ಬಿಪಿ, ತೂಕ. ರಂಜಾನ್ ಬಂತು ಅಂದ್ರೆ ಮೊದಲನೇದನ್ನ ಮನೆಯವರೆಲ್ಲ ದಿನಕ್ಕೆ ನಾಲ್ಕು ಸಲ ನೋಡ್ತಾರೆ. ಎರಡನೇದು ಕವರಿಂದ ಹೊರಗೇ ಬರಲ್ಲ. ಇವತ್ತು ಎರಡನ್ನೂ ಪಕ್ಕಪಕ್ಕ ಇಟ್ಟು, ಬಸುರಿ ರೋಜಾ, ಅಂದ್ರೆ ರಂಜಾನ್ ಉಪವಾಸ, ಹಿಡಿಯೋದರ ಬಗ್ಗೆ ಮಾತಾಡೋಣ.

ಕನ್ನಡದಲ್ಲಿ ಯಾಕೆ ಅಂದ್ರೆ, ದಾವಣಗೆರೆ, ಚಿತ್ರದುರ್ಗ ಕಡೆ ಪಿಂಜಾರರ ಮನೆಗಳಲ್ಲಿ ಮಾತು ಕನ್ನಡವೇ. ಉರ್ದು ಬಯಾನ್ (ಪ್ರವಚನ) ಕೇಳಿ ತಲೆ ಆಡಿಸೋ ಎಷ್ಟೋ ಹೆಣ್ಣುಮಕ್ಕಳಿಗೆ ಅದರೊಳಗಿನ, ಬಸುರಿಗೆ ರೋಜಾದಿಂದ ಇರೋ ವಿನಾಯಿತಿಯ ಮಾತು ಸರಿಯಾಗಿ ತಲುಪಿರಲ್ಲ.

ಮೊದಲು ಆ ವಿನಾಯಿತಿ ಏನು ಅಂತ ನೋಡೋಣ. ಕಾಯಿಲೆಯವರು, ಪ್ರಯಾಣದಲ್ಲಿ ಇರುವವರು ಬೇರೆ ದಿನಗಳಲ್ಲಿ ಎಣಿಕೆ ತುಂಬಿಸಬಹುದು ಅಂತ ಕುರಾನಿನ ಅಲ್ ಬಕರಾ ಅಧ್ಯಾಯದ 184, 185ನೇ ವಚನಗಳಲ್ಲಿ ಇದೆ. ಬಸುರಿ ಮತ್ತು ಹಾಲುಣಿಸುವ ತಾಯಿಗೂ ರೋಜಾದಿಂದ ರಿಯಾಯಿತಿ ಇದೆ ಅನ್ನೋ ಹದೀಸ್ (ಪ್ರವಾದಿಯವರ ಮಾತು) ತಿರ್ಮಿಝಿ, ಅಬೂ ದಾವೂದ್ ಸಂಗ್ರಹಗಳಲ್ಲಿ ಸಿಗುತ್ತೆ. ಹನಫಿ, ಶಾಫಿ ಅಂದ್ರೆ ಇಸ್ಲಾಮಿನ ಧರ್ಮನಿಯಮಗಳ ಎರಡು ಪಂಥ; ನಮ್ಮ ಕಡೆ ಹೆಚ್ಚಿನವರು ಹನಫಿಗಳು. ಹನಫಿ ಮತದಲ್ಲಿ ತನಗಾಗಲಿ ಮಗುವಿಗಾಗಲಿ ತೊಂದರೆ ಆಗಬಹುದು ಅನ್ನೋ ಭಯ ಇದ್ದರೆ ರೋಜಾ ಬಿಡಬಹುದು. ಆಮೇಲೆ ಖಜಾ ಮಾತ್ರ, ಅಂದ್ರೆ ಒಂದು ದಿನಕ್ಕೆ ಒಂದು ದಿನ. ಫಿದ್ಯಾ, ಅಂದ್ರೆ ಬಿಟ್ಟ ರೋಜಾಕ್ಕೆ ಬಡವರಿಗೆ ಕೊಡೋ ಊಟದ ಪರಿಹಾರ, ಕೊಡಬೇಕಿಲ್ಲ. ಭಟ್ಕಳ, ಮಂಗಳೂರು ಕಡೆಯಿಂದ ಮದುವೆಯಾಗಿ ಬಂದವರು ಶಾಫಿ ಆಗಿರಬಹುದು. ಅವರಲ್ಲಿ ಬರೀ ಮಗುವಿನ ಭಯಕ್ಕೆ ಬಿಟ್ಟಿದ್ದರೆ ಖಜಾ ಜೊತೆ ಫಿದ್ಯಾವೂ ಇದೆ. ಒಂದೇ ಮನೆಯಲ್ಲಿ ಅತ್ತೆ ಒಂದು ಹೇಳಿ ಸೊಸೆ ಇನ್ನೊಂದು ಹೇಳೋದಕ್ಕೆ ಎಷ್ಟೋ ಸಲ ಇದೇ ಕಾರಣ. ಇಬ್ಬರೂ ಸರಿ.

ಆ ಭಯ ಸುಮ್ನೆ ಮನಸ್ಸಿಗೆ ಬಂದ ಅನುಮಾನ ಆಗಿರಬಾರದು. ಅದಕ್ಕೆ ಆಧಾರ ಮೂರು: ಮೈಯಲ್ಲಿ ಕಾಣುವ ಲಕ್ಷಣ, ಹಿಂದಿನ ಬಸುರಿನ ಅನುಭವ, ಇಲ್ಲಾ ಡಾಕ್ಟರ್ ಮಾತು. ಈ ಮೂರನೇದಕ್ಕೇ ತಾಯಿ ಕಾರ್ಡ್ ಬೇಕಾಗೋದು.

[ದೃಶ್ಯ: ತಾಯಿ ಕಾರ್ಡ್ ಹತ್ತಿರದಿಂದ. ಹಿಮೋಗ್ಲೋಬಿನ್ ಬರೆದಿರುವ ಜಾಗದ ಮೇಲೆ ಬೆರಳು.]

ರಂಜಾನ್ ಶುರುವಾಗೋಕೆ ಎರಡು ಮೂರು ವಾರ ಮುಂಚೆ ಒಂದು ಸಲ ಹೋಗಿ ತೋರಿಸ್ಕೊಳ್ಳಿ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತೆ, ಆ ದಿನ ಆದ್ರೂ ಸರಿ. ನೋಡಬೇಕಾದ್ದು ನಾಲ್ಕು: ಹಿಮೋಗ್ಲೋಬಿನ್, ಬಿಪಿ, ಶುಗರ್, ಮಗುವಿನ ಬೆಳವಣಿಗೆ.

ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಗರ್ಭಿಣಿಯರಿಗೆ ಇದು ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ, ಹಾಗಾಗಿ ಪಕ್ಕದ ಮನೆ ಕಥೆ ಅಂದ್ಕೋಬೇಡಿ. 10ಕ್ಕಿಂತ ಕೆಳಗಿದ್ದರೆ ಮೊದಲು ರಕ್ತ ಏರಿಸ್ಕೊಳ್ಳಿ, ರೋಜಾ ಆಮೇಲೆ. 7ಕ್ಕಿಂತ ಕೆಳಗಿದ್ದರೆ ಚರ್ಚೆಯೇ ಬೇಡ, ಅದು ಆಸ್ಪತ್ರೆಗೆ ಸೇರೋ ಮಟ್ಟ.

ಇನ್ಸುಲಿನ್ ತಗೊಳ್ಳೋರು, ಬಿಪಿಗೆ ದಿನಕ್ಕೆ ಎರಡು ಮೂರು ಸಲ ಮಾತ್ರೆ ನುಂಗೋರು, ಅವಳಿ ಇರುವವರು, ಸ್ಕ್ಯಾನಿನಲ್ಲಿ ಮಗು ಸಣ್ಣದಿದೆ ಅಂತ ಬಂದವರು, ಹಿಂದೆ ದಿನ ತುಂಬದೆ ಹೆತ್ತವರು, ಕಿಡ್ನಿ ಕಲ್ಲು ಇಲ್ಲಾ ಪದೇ ಪದೇ ಮೂತ್ರದ ಸೋಂಕು ಇರುವವರು, ನೀರು ಕುಡಿದರೂ ವಾಂತಿ ಆಗ್ತಿರೋರು: ಇವರು ಯಾರೂ ರೋಜಾ ಹಿಡಿಯೋದು ಬೇಡ.

ಉಳಿದವರು, ಎಲ್ಲ ಸರಿಯಿದ್ದವರು? ಇಲ್ಲಿ ನೇರವಾಗಿ ಹೇಳಿಬಿಡ್ತೀವಿ. 2018ರಲ್ಲಿ 22 ಅಧ್ಯಯನಗಳನ್ನ, 31 ಸಾವಿರಕ್ಕೂ ಹೆಚ್ಚು ಬಸುರಿಗಳ ಲೆಕ್ಕವನ್ನ ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಬಂತು. ರೋಜಾದಿಂದ ಹುಟ್ಟುತೂಕ ಕಡಿಮೆ ಆಗಿದ್ದು ಅದರಲ್ಲಿ ಕಾಣಲಿಲ್ಲ. ಹಾಗಂತ ಏನೂ ಆಗಲ್ಲ ಅನ್ನೋ ಸರ್ಟಿಫಿಕೇಟ್ ಅದಲ್ಲ. ಮೊದಲ ಮೂರು ತಿಂಗಳಲ್ಲಿ ರಂಜಾನ್ ಬಂದಿದ್ದ ಮಕ್ಕಳ ಮುಂದಿನ ಆರೋಗ್ಯದಲ್ಲಿ ಸಣ್ಣ ವ್ಯತ್ಯಾಸ ಕಂಡ ಅಧ್ಯಯನಗಳೂ ಇವೆ. ನಮ್ಮ ಅಭಿಪ್ರಾಯ: ಮೊದಲ ಮೂರು ತಿಂಗಳು ಬಿಟ್ಟುಬಿಡೋದೇ ಒಳ್ಳೇದು. ನಡುವಿನ ತಿಂಗಳುಗಳು ಸ್ವಲ್ಪ ಸಲೀಸು. ಕೊನೇ ಎರಡು ತಿಂಗಳಲ್ಲಿ ಪ್ರತಿ ದಿನ ಬೇರೆ ಬೇರೆ ತೀರ್ಮಾನ. ನಿನ್ನೆ ಇದ್ದೆ ಅಂತ ಇವತ್ತೂ ಇರಲೇಬೇಕು ಅಂತಿಲ್ಲ. ಮೂವತ್ತೂ ದಿನಕ್ಕೆ ಒಂದೇ ಸಲ ಮಾತು ಕೊಟ್ಟುಬಿಡೋದೇ ದೊಡ್ಡ ಎಡವಟ್ಟು.

[ದೃಶ್ಯ: ಗೋಡೆ ಗಡಿಯಾರ. ಪರದೆ ಮೇಲೆ ಅಂಕಿ: 13 ಗಂಟೆ. ಅದು ಅಳಿಸಿ: ಇಪ್ಪತ್ತೊಂದೂವರೆ ಗಂಟೆ.]

ಈಗ ಗಂಟೆ ಲೆಕ್ಕ. ಫೆಬ್ರುವರಿ ಕೊನೆಗೆ ದಾವಣಗೆರೆಯಲ್ಲಿ ಹೆಚ್ಚೂಕಮ್ಮಿ ಬೆಳಗ್ಗೆ ಐದೂವರೆಗೆ ಸಹರಿ ಮುಗಿದು, ಸಂಜೆ ಆರೂವರೆಗೆ ಇಫ್ತಾರ್. 13 ಗಂಟೆ. ಆದರೆ ನಿದ್ದೆಗಣ್ಣಲ್ಲಿ ಸಹರಿ ತಪ್ಪಿಸಿ ಹಿಂದಿನ ರಾತ್ರಿ 9ಕ್ಕೆ ಉಂಡಿದ್ದೇ ಕೊನೆ ಅಂದ್ರೆ ಇಪ್ಪತ್ತೊಂದೂವರೆ ಗಂಟೆ. ಬಸುರಿಯ ಮೈ ಸಕ್ಕರೆಯನ್ನ ಸದಾ ಮಗುವಿಗೆ ಕಳಿಸ್ತಾ ಇರುತ್ತೆ. ಹಾಗಾಗಿ ಹೊಟ್ಟೆ ಖಾಲಿ ಆದಾಗ ಬೇರೆಯವರಿಗಿಂತ ಬೇಗ ಶುಗರ್ ಇಳಿದು, ಕೊಬ್ಬು ಕರಗಿ, ಕೀಟೋನ್ ಏರುತ್ತೆ. ಸಹರಿ ಇಲ್ಲದ ರೋಜಾ ಬಸುರಿಗೆ ಬೇಡವೇ ಬೇಡ. ಏಳೋಕೆ ಆಗಲಿಲ್ಲವಾ, ಆ ದಿನ ಬಿಟ್ಟುಬಿಡಿ.

[ದೃಶ್ಯ: ಸಹರಿ ತಟ್ಟೆ. ಮೇಲಿನಿಂದ ಕ್ಯಾಮೆರಾ.]

ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ. ಹಿರಿಯೂರು, ಚಳ್ಳಕೆರೆ ಕಡೆಯವರಾದ್ರೆ ಒಂದು ರಾಗಿ ಮುದ್ದೆ. ಒಂದು ಬಟ್ಟಲು ಬೇಳೆ ಇಲ್ಲಾ ಕಾಳು ಪಲ್ಯ, ಒಂದು ಬೇಯಿಸಿದ ಮೊಟ್ಟೆ, ರಾತ್ರಿ ನೆನೆಹಾಕಿದ ಒಂದು ಹಿಡಿ ಶೇಂಗಾ, ಬಾಳೆಹಣ್ಣು, ಒಂದು ಲೋಟ ಮಜ್ಜಿಗೆ. ಜೋಳ, ರಾಗಿ, ಕಾಳು ನಿಧಾನಕ್ಕೆ ಕರಗ್ತವೆ, ಮಧ್ಯಾಹ್ನದವರೆಗೂ ಕೈ ಹಿಡೀತವೆ. ಬಿಳಿ ಅನ್ನ, ಬ್ರೆಡ್ಡು, ಚಹಾ ತಿಂದು ಕುಡಿದರೆ 10 ಗಂಟೆಗೇ ಕೈಕಾಲು ನಡುಕ. ಉಪ್ಪಿನಕಾಯಿ, ಹಪ್ಪಳ ದೂರ ಇಡಿ, ಬಾಯಾರಿಕೆ ಅಲ್ಲಿಂದಲೇ ಶುರು. ರಾತ್ರಿ ಉಳಿದ ಬಿರಿಯಾನಿ ಬಿಸಿ ಮಾಡಿ ತಿಂದು ಹಂಗೇ ಮಲಗೋದೂ ಬೇಡ. ಹೊಟ್ಟೆ ಮೇಲೆ ಮಗುವಿನ ಒತ್ತಡ ಇರೋದ್ರಿಂದ ಎದೆ ಉರಿ ಗ್ಯಾರಂಟಿ. ಒಂದು ತಾಸಾದ್ರೂ ಕೂತಿರಿ.

ನೀರು. ಇಫ್ತಾರಿಂದ ಸಹರಿವರೆಗೆ ಎರಡರಿಂದ ಎರಡೂವರೆ ಲೀಟರ್ ಒಳಗೆ ಹೋಗಬೇಕು. ಅಂದ್ರೆ ಕಾಲು ಲೀಟರಿನ ಲೋಟದಲ್ಲಿ ಎಂಟರಿಂದ ಹತ್ತು. ಇಫ್ತಾರ್ ಹೊತ್ತಿಗೆ ಎರಡು, ಆಮೇಲೆ ಮಲಗೋವರೆಗೆ ತಾಸಿಗೊಂದು, ಸಹರಿಗೆ ಎರಡು. ಅಜಾನ್ ಆಗೋಕೆ ಐದು ನಿಮಿಷ ಇರುವಾಗ ನಾಲ್ಕು ಲೋಟ ಗಟಗಟ ಕುಡಿದರೆ ಅದು ಮೈಗೆ ಹತ್ತಲ್ಲ, ಅರ್ಧ ತಾಸಲ್ಲಿ ಬಚ್ಚಲಿಗೆ ಹೋಗುತ್ತೆ. ಕೆಂಪು ಶರಬತ್ತು ನೀರಿನ ಲೆಕ್ಕಕ್ಕೆ ಬರಲ್ಲ, ಅದು ಸಕ್ಕರೆ ಲೆಕ್ಕ.

ಇಫ್ತಾರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇಲ್ಲದೆ ದಾವಣಗೆರೆ ಇಲ್ಲ, ಗೊತ್ತು. ಬೇಡ ಅನ್ನಲ್ಲ. ಆದರೆ ಮಂಡಕ್ಕಿ ಬರೀ ಗಾಳಿ ತುಂಬಿದ ಪಿಷ್ಟ, ಬಜ್ಜಿ ಬರೀ ಎಣ್ಣೆ. ಹೊಟ್ಟೆ ಉಬ್ಬಿ, ಆಮೇಲಿನ ಊಟವನ್ನೇ ಕೆಡಿಸ್ತವೆ. ಎರಡು ಮೂರು ಖರ್ಜೂರ, ನೀರು, ಕಲ್ಲಂಗಡಿ, ಇಲ್ಲಾ ಬೇರೆ ಯಾವುದಾದ್ರೂ ಹಣ್ಣು (ಪಪ್ಪಾಯಿ ಬಿಟ್ಟು) ತಿಂದು ಮಗ್ರಿಬ್ ನಮಾಜ್ ಮುಗಿಸಿ. ಆಮೇಲೆ ಊಟ. ಮಂಡಕ್ಕಿ ಒಂದು ಹಿಡಿ ಮಾತ್ರ, ಅದೂ ಊಟದ ನಂತರ. ಪಪ್ಪಾಯಿ ಮಾತು ಎತ್ತಿದ್ದಕ್ಕೆ ಹೇಳ್ತೀವಿ, ಕಾಯಿ ಪಪ್ಪಾಯಿಯ ಹಾಲಿನ ಬಗ್ಗೆ ಮಾತ್ರ ಎಚ್ಚರ ಬೇಕಿರೋದು, ಆದರೆ ಅದಕ್ಕೆ ಹೆದರಿ ಮನೆಯಲ್ಲಿ ಜಗಳ ಆಗೋದಾದ್ರೆ ಬೇರೆ ಹಣ್ಣೇ ತಿನ್ನಿ.

[ದೃಶ್ಯ: ಮಾತ್ರೆ ಡಬ್ಬಿ. ಕೆಂಪು ಕಬ್ಬಿಣದ ಮಾತ್ರೆ, ಬಿಳಿ ಕ್ಯಾಲ್ಸಿಯಂ. ಪಕ್ಕದಲ್ಲಿ ಹೊಗೆಯಾಡುವ ಚಹಾ ಕಪ್ಪು.]

ಅತಿ ಹೆಚ್ಚು ಕೆಡೋದು ಇಲ್ಲಿ. ಹಗಲು ಹೋಯ್ತು, ಎಲ್ಲ ಮಾತ್ರೆಯನ್ನೂ ಇಫ್ತಾರ್ ಚಹಾದ ಜೊತೆ ಒಂದೇ ಸಲ ನುಂಗಿಬಿಡ್ತಾರೆ. ಚಹಾದ ಒಗರು ಕಬ್ಬಿಣವನ್ನ ಹಿಡಿದುಕೊಳ್ಳುತ್ತೆ, ಕ್ಯಾಲ್ಸಿಯಂ ಅದನ್ನ ಒಳಗೆ ಬಿಡಲ್ಲ. ಮಾತ್ರೆ ನುಂಗಿದ್ದೂ ಹೌದು, ರಕ್ತ ಏರದೇ ಇರೋದೂ ಹೌದು.

ಸರ್ಕಾರಿ ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು, 180 ದಿನ. ಕ್ಯಾಲ್ಸಿಯಂ 500 ಮಿಲಿಗ್ರಾಂ ದಿನಕ್ಕೆರಡು. ರಂಜಾನಲ್ಲಿ ಹೀಗೆ ಹೊಂದಿಸಿ: ಏಳೂವರೆ ಊಟದ ಜೊತೆ ಒಂದು ಕ್ಯಾಲ್ಸಿಯಂ. ಚಹಾ ಬೇಕೇ ಬೇಕು ಅಂದ್ರೆ ಎಂಟರೊಳಗೆ ಮುಗಿಸಿ. ಹತ್ತೂವರೆಗೆ, ತರಾವೀಹ್ ನಮಾಜ್ ಮುಗಿದು ಗಂಡಸರು ಮನೆಗೆ ಬರೋ ಹೊತ್ತಿಗೆ, ನಿಂಬೆಹಣ್ಣು ಹಿಂಡಿದ ನೀರಲ್ಲಿ ಕಬ್ಬಿಣದ ಮಾತ್ರೆ. ಎರಡನೇ ಕ್ಯಾಲ್ಸಿಯಂ ಸಹರಿ ಊಟಕ್ಕೆ. ಥೈರಾಯ್ಡ್ ಮಾತ್ರೆ ಇದ್ದವರಿಗೆ ಈ ಪಟ್ಟಿ ಹೊಂದಲ್ಲ. ಅದು ಖಾಲಿ ಹೊಟ್ಟೆಗೆ, ಸಹರಿಗೆ ಅರ್ಧ ಗಂಟೆ ಮುಂಚೆ ಹೋಗಬೇಕು, ಕಬ್ಬಿಣ ಕ್ಯಾಲ್ಸಿಯಂ ಅದರಿಂದ ನಾಲ್ಕು ಗಂಟೆ ದೂರ ಇರಬೇಕು. ಎರಡನೇ ಕ್ಯಾಲ್ಸಿಯಂಗೆ ಜಾಗವೇ ಉಳಿಯಲ್ಲ, ಡಾಕ್ಟರ್ ಹತ್ತಿರ ಬೇರೆ ಪಟ್ಟಿ ಬರೆಸ್ಕೊಳ್ಳಿ.

[ದೃಶ್ಯ: ಮಂಡಕ್ಕಿ ಭಟ್ಟಿ. ಕಾದ ಮರಳು, ಹೊಗೆ, ಜಾಲರಿ.]

ಭಟ್ಟಿ ಹತ್ತಿರ ಕೆಲಸ ಮಾಡೋ ಬಸುರಿ ರೋಜಾ ಹಿಡಿಯೋದು ಬೇಡ. ಬೆವರಲ್ಲಿ ಹೋಗೋ ನೀರನ್ನ ರಾತ್ರಿ ಕುಡಿದು ತುಂಬಿಸೋಕೆ ಆಗಲ್ಲ. ಮನೆಯಲ್ಲಿ ಬೀಡಿ ಕಟ್ಟೋರು ತಾಸಿಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೀರಿ, ಮಧ್ಯಾಹ್ನ ಒಂದು ತಾಸು ಎಡ ಮಗ್ಗುಲಿಗೆ ಮಲಗಿ. ಒಂದು ಸಮಾಧಾನ, ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ, ಚಳಿಗಾಲದ ಕಡೆಗೆ, ಸರಿಯುತ್ತೆ. 2027ಕ್ಕೆ ಫೆಬ್ರುವರಿ ಎರಡನೇ ವಾರದಲ್ಲೇ ಶುರು. 2030ರಲ್ಲಿ ಜನವರಿಗೊಂದು, ಡಿಸೆಂಬರಿಗೊಂದು, ಎರಡು ಸಲ ರಂಜಾನ್ ಚಂದ್ರ ಕಾಣುತ್ತೆ.

ಹಗಲು ಯಾವಾಗ ರೋಜಾ ಮುರೀಬೇಕು? ಮಗು ಆಡೋದು ಕಡಿಮೆ ಆದರೆ. ಏಳು ತಿಂಗಳ ಮೇಲೆ, ಎಡಕ್ಕೆ ಮಲಗಿ ಎಣಿಸಿದರೆ ಎರಡು ಗಂಟೆಯಲ್ಲಿ 10 ಸಲ ಸಿಗಬೇಕು. "ರೋಜಾ ಅಲ್ವಾ, ಮಗುವಿಗೂ ಸುಸ್ತು, ಮಗ್ರಿಬ್ ಆಗಲಿ" ಅಂತ ಕಾಯಬೇಡಿ. ಮುರಿದು, ತಿಂದು, ಆಗಲೂ ಆಡದಿದ್ದರೆ ಆಸ್ಪತ್ರೆಗೆ ಹೊರಡಿ. ಕಣ್ಣು ಕತ್ತಲೆ, ಬೆವರು, ನಡುಕ ಬಂದರೂ ಮುರೀರಿ. ಶುಗರ್ ನೋಡೋ ಮಿಷನ್ ಇದ್ದು 70ಕ್ಕಿಂತ ಕೆಳಗೆ ತೋರಿಸಿದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿದು 15 ನಿಮಿಷ ಬಿಟ್ಟು ಮತ್ತೆ ನೋಡಿ. ಮೂತ್ರ ಕಡು ಹಳದಿ ಆಗಿ ಆರೇಳು ತಾಸು ಹೋಗೇ ಇಲ್ಲ ಅಂದ್ರೆ ಓಆರ್‌ಎಸ್: ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ. ಲೋಟಕ್ಕೆ ಅಂದಾಜಲ್ಲಿ ಸುರಿದರೆ ಉಪ್ಪು ಹೆಚ್ಚಾಗಿ ಅದೇ ತೊಂದರೆ ಆಗುತ್ತೆ.

ರಕ್ತ ಕಂಡರೆ, ನೀರು ಒಡೆದರೆ, ಬಿಟ್ಟು ಬಿಟ್ಟು ಹೊಟ್ಟೆ ಬಿಗಿದರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ ನೇರ 108ಕ್ಕೆ ಫೋನ್ ಮಾಡಿ. ಹೀಗೆ ಭಯಕ್ಕೆ ಮುರಿದ ರೋಜಾಕ್ಕೆ ಅರವತ್ತು ದಿನದ ಕಫ್ಫಾರಾ, ಅಂದ್ರೆ ಪ್ರಾಯಶ್ಚಿತ್ತದ ರೋಜಾ, ಇಲ್ಲ, ಒಂದು ಖಜಾ ಅಷ್ಟೇ. ಕಫ್ಫಾರಾ ಹೆದರಿಕೆಗೆ ಸಂಜೆವರೆಗೆ ತಡೆದುಕೊಳ್ಳೋರು ಇದನ್ನ ಕೇಳಿಸ್ಕೊಳ್ಳಿ.

ತಪಾಸಣೆ ವಿಷಯ ಬೇಗ ಮುಗಿಸೋಣ. ರಕ್ತ ಕೊಟ್ಟರೆ, ಬೆರಳಿಗೆ ಚುಚ್ಚಿದರೆ, ಹೊಟ್ಟೆ ಮೇಲಿನ ಸ್ಕ್ಯಾನ್ ಮಾಡಿಸಿದರೆ ರೋಜಾ ಮುರಿಯಲ್ಲ. ಧನುರ್ವಾಯು ಇಂಜೆಕ್ಷನ್ನಿಂದಲೂ (ಮೊದಲಿನ ಟಿಟಿ, ಈಗಿನ ಟಿಡಿ) ಮುರಿಯಲ್ಲ ಅನ್ನೋದೇ ಹೆಚ್ಚಿನ ಉಲಮಾಗಳ ಮಾತು. ಒಳಗಿನ ಪರೀಕ್ಷೆ, ಗ್ಲೂಕೋಸ್ ಡ್ರಿಪ್ ಬಗ್ಗೆ ನಿಮ್ಮ ಮೌಲಾನಾರನ್ನ ಕೇಳಿ. ಬಸುರಿನ ಶುಗರ್ ಟೆಸ್ಟಿಗೆ 75 ಗ್ರಾಂ ಗ್ಲೂಕೋಸ್ ಕುಡಿಯಲೇಬೇಕು, ಎರಡು ಗಂಟೆ ಬಿಟ್ಟು 140 ಇಲ್ಲಾ ಅದಕ್ಕಿಂತ ಮೇಲೆ ಬಂದರೆ ಸಕ್ಕರೆ ಕಾಯಿಲೆ. ಇದನ್ನ ರಂಜಾನಿಗೆ ಮುಂಚೆಯೇ ಮಾಡಿಸಿ, ಇಲ್ಲಾ ಆ ಒಂದು ದಿನ ರೋಜಾ ಬಿಡಿ. ಈದ್ ಕಳೀಲಿ ಅಂತ ಮುಂದಕ್ಕೆ ಹಾಕಬೇಡಿ.

[ದೃಶ್ಯ: ಮತ್ತೆ ಗೋಡೆಯ ರಂಜಾನ್ ಟೈಮ್ ಟೇಬಲ್. ಪೆನ್ನು ಕೆಲವು ತಾರೀಖುಗಳಿಗೆ ಗುಂಡಗೆ ಗುರುತು ಹಾಕ್ತಿದೆ.]

ಬಿಟ್ಟ ದಿನಗಳಿಗೆ ಇದೇ ಕಾಗದದ ಮೇಲೆ ಗುರುತು ಹಾಕಿ, ಈದ್ ಆದ ಮೇಲೆ ಕಿತ್ತು ಎಸೀಬೇಡಿ. ಒಂದು ರಂಜಾನ್ ಬಸುರಲ್ಲಿ, ಮುಂದಿನದು ಹಾಲುಣಿಸೋದರಲ್ಲಿ ಹೋದರೆ ಅರವತ್ತರ ಹತ್ತಿರ ಬಾಕಿ ನಿಲ್ಲುತ್ತೆ. ಒಟ್ಟಿಗೆ ಇರಬೇಕಿಲ್ಲ, ಸಾಲಾಗಿಯೂ ಇರಬೇಕಿಲ್ಲ. ಮುಂದಿನ ರಂಜಾನ್ ದಾಟಿದರೂ ಹನಫಿಯಲ್ಲಿ ದಂಡ ಇಲ್ಲ. ವಾರಕ್ಕೆ ಒಂದು ಅಂದ್ರೆ ಒಂದು ವರ್ಷದ ಮೇಲೆ ಎರಡು ತಿಂಗಳು. ಡಿಸೆಂಬರ್, ಜನವರಿಯಲ್ಲಿ ಹಗಲು ಸಣ್ಣದು, ಬಾಯಾರಿಕೆಯೂ ಕಡಿಮೆ, ಆಗ ವಾರಕ್ಕೆ ಎರಡು ಹಿಡಿದರೆ ಇನ್ನೂ ಬೇಗ ಮುಗಿಯುತ್ತೆ. ಮಗು ಆರು ತಿಂಗಳಾಗಿ ಮೇಲಿನ ಊಟ ಶುರುವಾದ ಮೇಲೆ ಆರಂಭಿಸಿ.